ತೂಕ ಇಳಿಸುವ ಸರ್ಜರಿ ಆಯ್ತು, ಮುಂದಿನ ತಿಂಗಳುಗಳನ್ನು ಹೇಗೆ ನಡೆಸಬೇಕು?

ಆಪರೇಷನ್ ಮುಗಿಸಿ ಮನೆಗೆ ಬಂದ ಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ, ಎಷ್ಟು ಕೆಜಿ ಇಳಿದಿರಿ ಅಂತ. ನೀವೂ ದಿನಾ ಅದನ್ನೇ ನೋಡಿಕೊಳ್ಳುತ್ತೀರಿ. ಆದರೆ ಮೊದಲ ಆರು ತಿಂಗಳು ತೂಕ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಗಮನ ಕೊಡಬೇಕಾದದ್ದು ಬೇರೆ ಕಡೆ. ಈಗ ಹಸಿವಿಲ್ಲ, ಮುಂದೆ ಅದು ವಾಪಸ್ ಬರುತ್ತದೆ. ಅಷ್ಟರೊಳಗೆ ಊಟದ ಕ್ರಮ, ನೀರು, ಮಾತ್ರೆ, ನಡಿಗೆ ಇವೆಲ್ಲ ಯೋಚಿಸದೆಯೇ ನಡೆದುಹೋಗುವಷ್ಟು ರೂಢಿಯಾಗಿರಬೇಕು.

ಹಸಿವು ಯಾಕೆ ಹೋಗುತ್ತದೆ ಎಂದು ತಿಳಿದುಕೊಂಡರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಸ್ಲೀವ್ ಸರ್ಜರಿಯಲ್ಲಿ ಹೊಟ್ಟೆಯ ಚೀಲದ ಸುಮಾರು ಮುಕ್ಕಾಲು ಭಾಗ ಅಥವಾ ಇನ್ನೂ ಸ್ವಲ್ಪ ಹೆಚ್ಚನ್ನೇ ತೆಗೆದುಹಾಕುತ್ತಾರೆ. ಹಸಿವು ಹುಟ್ಟಿಸುವ ಘ್ರೆಲಿನ್ ಎಂಬ ಹಾರ್ಮೋನು ಜಾಸ್ತಿ ತಯಾರಾಗುವುದು ಆ ತೆಗೆದುಹಾಕಿದ ಭಾಗದಲ್ಲೇ. ಬೈಪಾಸ್ ಎಂಬ ಇನ್ನೊಂದು ಬಗೆಯ ತೂಕ ಇಳಿಸುವ ಸರ್ಜರಿಯಲ್ಲಿ ಹೊಟ್ಟೆಯ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗ ಬಿಟ್ಟು ಅದರ ಮುಂದಿನ ಭಾಗಕ್ಕೆ ನೇರವಾಗಿ ಜೋಡಿಸುತ್ತಾರೆ. ಎರಡರಲ್ಲೂ ಹೊಟ್ಟೆ ತುಂಬಿತು ಎಂದು ಹೇಳುವ ಕರುಳಿನ ಹಾರ್ಮೋನುಗಳು ಹೆಚ್ಚುತ್ತವೆ. ಹಾಗಾಗಿ ಬಹಳ ಜನಕ್ಕೆ ಮೊದಲ ಕೆಲವು ತಿಂಗಳು ಊಟದ ನೆನಪೇ ಆಗುವುದಿಲ್ಲ. ಇದು ಶಾಶ್ವತ ಅಲ್ಲ. ದೇಹ ನಿಧಾನಕ್ಕೆ ಹೊಂದಿಕೊಳ್ಳುತ್ತದೆ, ತಿನ್ನಬಹುದಾದ ಪ್ರಮಾಣವೂ ಹೆಚ್ಚುತ್ತದೆ.

ಊಟ ಮತ್ತು ನೀರು

ನಿಮ್ಮ ಸರ್ಜನ್ ಮತ್ತು ಡಯಟೀಷಿಯನ್ ಕೊಟ್ಟ ಪಟ್ಟಿಯೇ ಅಂತಿಮ. ಸಾಮಾನ್ಯವಾಗಿ ಮೊದಲು ತಿಳಿ ದ್ರವ, ಆಮೇಲೆ ಒಂದೆರಡು ವಾರ ಹಾಲಿನಂಥ ಗಟ್ಟಿ ದ್ರವ, ಆಮೇಲೆ ನುಣ್ಣಗೆ ರುಬ್ಬಿದ್ದು, ಆಮೇಲೆ ಮೆತ್ತಗಿನ ಆಹಾರ, ಆರರಿಂದ ಎಂಟು ವಾರದ ಹೊತ್ತಿಗೆ ಮಾಮೂಲಿ ಊಟ ಅಂತ ಇರುತ್ತದೆ. ಚೆನ್ನಾಗಿದ್ದೀನಿ ಅನ್ನಿಸಿತು ಅಂತ ಹಂತ ಹಾರಬೇಡಿ. ಒಳಗಿನ ಹೊಲಿಗೆ, ಸ್ಟೇಪಲ್ ಇರುವ ಜಾಗ ಮಾಗುವುದಕ್ಕೆ ಸಮಯ ಬೇಕು, ಅದು ಮಾಗಿದೆಯೋ ಇಲ್ಲವೋ ಎಂದು ಹೊರಗಿನಿಂದ ನಿಮಗೆ ಗೊತ್ತಾಗುವುದಿಲ್ಲ.

ಪ್ರತಿ ಊಟದಲ್ಲೂ ಪ್ರೋಟೀನ್ ಮೊದಲು. ದಿನಕ್ಕೆ ಕನಿಷ್ಠ 60 ಗ್ರಾಂ, ಬಹಳ ಜನಕ್ಕೆ 80 ಗ್ರಾಂವರೆಗೂ ಹೇಳುತ್ತಾರೆ. ಮೊಟ್ಟೆ, ಮೊಸರು, ಮೀನು, ಕೋಳಿ, ಬೇಳೆಕಾಳು, ಪನೀರ್, ಯಾವುದು ಒಗ್ಗುತ್ತದೋ ಅದು. ಮೊದಮೊದಲು ಇಷ್ಟನ್ನು ಬರೀ ಊಟದಲ್ಲಿ ಮುಟ್ಟಲು ಆಗುವುದಿಲ್ಲ, ಪ್ರೋಟೀನ್ ಪುಡಿ ಬೇಕಾಗುತ್ತದೆ, ಅದರಲ್ಲಿ ಸಂಕೋಚ ಏನೂ ಇಲ್ಲ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ತೂಕದ ಮೆಷಿನ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ ಮೆಟ್ಟಿಲು ಹತ್ತುವಾಗ ನಿಮಗೆ ಗೊತ್ತಾಗುತ್ತದೆ.

ಸಣ್ಣ ತಟ್ಟೆ, ಸಣ್ಣ ಚಮಚ ಇಟ್ಟುಕೊಳ್ಳಿ. ತುತ್ತು ಪೂರ್ತಿ ನುಣ್ಣಗಾಗುವವರೆಗೂ ಅಗಿಯಿರಿ. ಒಂದು ಊಟಕ್ಕೆ 20ರಿಂದ 30 ನಿಮಿಷ ಬೇಕು. ಸಾಕು ಎನ್ನುವ ಸೂಚನೆ ಈಗ ಹಳೆಯ ಹಾಗೆ ಹೊಟ್ಟೆ ಭಾರವಾಗಿ ಬರುವುದಿಲ್ಲ. ಕೆಲವರಿಗೆ ಎದೆಯ ನಡುವೆ ಒತ್ತಿದಂತೆ ಆಗುತ್ತದೆ, ಕೆಲವರಿಗೆ ಬಿಕ್ಕಳಿಕೆ, ಇನ್ನು ಕೆಲವರಿಗೆ ಸೀನು ಅಥವಾ ಮೂಗಿನಲ್ಲಿ ನೀರು. ನಿಮ್ಮ ಸೂಚನೆ ಯಾವುದು ಎಂದು ಮೊದಲ ತಿಂಗಳಲ್ಲೇ ಗುರುತಿಸಿಕೊಳ್ಳಿ. ಅದು ಬಂದ ಮೇಲೆ ಇನ್ನೊಂದೇ ತುತ್ತು ಅಂತ ಹಾಕಿಕೊಂಡರೆ ನೋವು, ಬಾಯಲ್ಲಿ ನೊರೆ ನೊರೆ ಎಂಜಲು, ವಾಂತಿ. ತಟ್ಟೆಯಲ್ಲಿ ಉಳಿದದ್ದು ಉಳಿಯಲಿ ಬಿಡಿ. ಒಣಗಿದ ಮಾಂಸ, ಮೆತ್ತಗಿನ ಬ್ರೆಡ್, ಅಂಟಂಟಾದ ಅನ್ನ ಇವು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ.

ನೀರು ಊಟದ ಜೊತೆ ಬೇಡ, ಊಟ ಆಗಿ ಅರ್ಧ ಗಂಟೆಯಾದರೂ ಬಿಡಿ. ಆದರೆ ದಿನಕ್ಕೆ ಒಂದೂವರೆ ಲೀಟರ್ ಆದರೂ ಒಳಗೆ ಹೋಗಬೇಕು, ಒಂದೇ ಸಲ ಗಟಗಟ ಕುಡಿಯುವ ಹಾಗಿಲ್ಲ ಅಂದ ಮೇಲೆ ಇದು ಇಡೀ ದಿನದ ಕೆಲಸವೇ ಆಗಿಬಿಡುತ್ತದೆ, ಬಾಟಲಿ ಕೈಯಲ್ಲೇ ಇರಬೇಕು, ಗುಟುಕು ಗುಟುಕಾಗಿ ಕುಡಿಯುತ್ತಲೇ ಇರಬೇಕು. ಮೊದಲ ವಾರಗಳಲ್ಲಿ ಜನ ಮತ್ತೆ ಆಸ್ಪತ್ರೆಗೆ ಓಡುವುದಕ್ಕೆ ಒಂದು ದೊಡ್ಡ ಕಾರಣ ದೇಹದಲ್ಲಿ ನೀರು ಕಮ್ಮಿಯಾಗುವುದು. ಮೂತ್ರ ಗಾಢ ಹಳದಿಯಾಗಿದ್ದರೆ, ತಲೆ ಸುತ್ತುತ್ತಿದ್ದರೆ, ನೀರು ಸಾಲುತ್ತಿಲ್ಲ ಎಂದೇ ತಿಳಿಯಿರಿ.

ಸಿಹಿ ತಿಂದ ಸ್ವಲ್ಪ ಹೊತ್ತಿಗೆ ಎದೆ ಬಡಿತ ಹೆಚ್ಚಾಗಿ, ಬೆವತು, ಹೊಟ್ಟೆ ನುಲಿದು, ಭೇದಿಯಾದರೆ ಅದು ಡಂಪಿಂಗ್. ಸಕ್ಕರೆ ಅಂಶ ಕರುಳಿಗೆ ಒಮ್ಮೆಲೇ ನುಗ್ಗುವುದರಿಂದ ಹೀಗಾಗುತ್ತದೆ. ಬೈಪಾಸ್ ಆದವರಲ್ಲಿ ಹೆಚ್ಚು, ಸ್ಲೀವ್ ಆದವರಲ್ಲೂ ಇಲ್ಲದೆ ಇಲ್ಲ. ಇನ್ನೊಂದು ಬಗೆ ಊಟವಾಗಿ ಒಂದರಿಂದ ಮೂರು ಗಂಟೆಯ ನಂತರ ಬರುತ್ತದೆ. ಆಗ ಇನ್ಸುಲಿನ್ ಜಾಸ್ತಿ ಬಿಡುಗಡೆಯಾಗಿ ಶುಗರ್ ಕೆಳಗಿಳಿದಿರುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಪದೇ ಪದೇ ಆದರೆ ಏನು ತಿಂದಿರಿ, ಎಷ್ಟು ಹೊತ್ತಿಗೆ ಆಯಿತು ಎಂದು ಬರೆದಿಟ್ಟು ಡಾಕ್ಟರಿಗೆ ತೋರಿಸಿ.

ಮಾತ್ರೆಗಳನ್ನು ಬಿಡಲೇಬೇಡಿ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ವಿಟಮಿನ್ ಮಾತ್ರೆಗಳು ಆರು ತಿಂಗಳಿಗಲ್ಲ, ಜೀವನಪೂರ್ತಿ. ಮೊದಲ ವರ್ಷ ಶ್ರದ್ಧೆಯಿಂದ ನುಂಗಿ, ಆಮೇಲೆ ಚೆನ್ನಾಗೇ ಇದ್ದೀನಲ್ಲ ಅಂತ ಬಿಡುವವರು ತುಂಬಾ ಜನ. ಚೆನ್ನಾಗಿ ಇರುವುದಕ್ಕೆ ಕಾರಣ ಇದೆ: ಬಿ12 ನಮ್ಮ ಲಿವರ್‌ನಲ್ಲಿ ವರ್ಷಗಟ್ಟಲೆ ಸಾಲುವಷ್ಟು ಸಂಗ್ರಹ ಇರುತ್ತದೆ. ಅದು ಖಾಲಿಯಾಗುವವರೆಗೂ ಏನೂ ಗೊತ್ತಾಗುವುದಿಲ್ಲ. ಖಾಲಿಯಾದ ಮೇಲೆ ಕೈಕಾಲು ಜೋಮು, ಮರೆವು, ರಕ್ತಹೀನತೆ ಶುರು. ಹಾಗೆ ಕೆಟ್ಟ ನರಗಳು ಎಲ್ಲ ಸಲವೂ ಪೂರ್ತಿ ಸರಿಹೋಗುವುದಿಲ್ಲ.

ಸಾಮಾನ್ಯವಾಗಿ ಕೊಡುವುದು ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಬೇಕಾಗುತ್ತದೆ, ಆದರೆ ದೇಹ ಒಂದು ಸಲಕ್ಕೆ 500–600ಕ್ಕಿಂತ ಜಾಸ್ತಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೇ ಎರಡು ಮೂರು ಸಲ ಹಂಚಿ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ ಸಿಟ್ರೇಟ್ ಆದರೆ ಒಳ್ಳೆಯದು, ಅದಕ್ಕೆ ಹೊಟ್ಟೆಯ ಆಮ್ಲದ ಅಗತ್ಯ ಅಷ್ಟಿಲ್ಲ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ಬೇಡ, ಎರಡು ಗಂಟೆ ಅಂತರ ಇರಲಿ. ಮುಟ್ಟಾಗುವ ಹೆಣ್ಣುಮಕ್ಕಳಿಗೆ ಕಬ್ಬಿಣ ಹೆಚ್ಚು ಬೇಕು. ಇಷ್ಟನ್ನೂ ನೆನಪಿಟ್ಟುಕೊಳ್ಳುವುದು ಕಷ್ಟ, ಫೋನಿನಲ್ಲಿ ಅಲಾರಂ ಇಟ್ಟುಬಿಡಿ. 3, 6 ಮತ್ತು 12ನೇ ತಿಂಗಳಿಗೆ ರಕ್ತ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ.

ಇನ್ನೊಂದು ವಿಷಯ ನಿಮ್ಮ ಮನೆಯವರಿಗೂ ಗೊತ್ತಿರಬೇಕು. ದಿನಗಟ್ಟಲೆ ವಾಂತಿಯಾಗಿ ಏನೂ ಒಳಗೆ ನಿಲ್ಲುತ್ತಿಲ್ಲ ಎಂದರೆ ಥಯಾಮಿನ್, ಅಂದರೆ ಬಿ1, ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಕಣ್ಣಿಗೆ ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತಿನಲ್ಲಿ ಗೊಂದಲ ಇವು ಕಂಡರೆ ತಡ ಮಾಡದೆ ತುರ್ತು ಚಿಕಿತ್ಸೆಗೆ ಹೋಗಿ. ಅಲ್ಲಿ ಮೊದಲು ಹೇಳಬೇಕಾದ ಮಾತು, ಇವರಿಗೆ ಬೇರಿಯಾಟ್ರಿಕ್, ಅಂದರೆ ತೂಕ ಇಳಿಸುವ ಸರ್ಜರಿ ಆಗಿದೆ, ತುಂಬಾ ದಿನದಿಂದ ವಾಂತಿ ಇದೆ ಎಂದು. ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಡ್ರಿಪ್ ಹಾಕಿದರೆ ಪರಿಸ್ಥಿತಿ ಇನ್ನೂ ಕೆಡಬಹುದು.

ಹಳೆಯ ಔಷಧಿಗಳನ್ನೂ ಮತ್ತೆ ನೋಡಿಸಬೇಕು. ಶುಗರ್ ಇದ್ದವರಿಗೆ ಕೆಲವೇ ದಿನಗಳಲ್ಲಿ ಅದು ಇಳಿಯಬಹುದು, ಹಳೆಯ ಪ್ರಮಾಣದಲ್ಲೇ ಇನ್ಸುಲಿನ್ ಅಥವಾ ಮಾತ್ರೆ ಮುಂದುವರಿಸಿದರೆ ಅಪಾಯ. ಬಿಪಿ ಮಾತ್ರೆಯೂ ಅಷ್ಟೇ. ನೀವಾಗಿಯೇ ನಿಲ್ಲಿಸಬೇಡಿ, ಕೇಳಿ ಕಡಿಮೆ ಮಾಡಿಸಿ. ನೋವಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದವು ಬೈಪಾಸ್ ಆದವರಿಗೆ ಬೇಡ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಸಿಗರೇಟೂ ಅದೇ ಹುಣ್ಣು ತರುತ್ತದೆ. ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಕಲ್ಲಾಗುವುದರಿಂದ ಕೆಲವು ಡಾಕ್ಟರುಗಳು ಆರು ತಿಂಗಳು ಅರ್ಸೊಡಿಯಾಕ್ಸಿಕೋಲಿಕ್ ಆಸಿಡ್ ಮಾತ್ರೆ ಕೊಡುತ್ತಾರೆ. ಯಾಕೆ ಕೊಟ್ಟರು ಅಂತ ಗೊತ್ತಿಲ್ಲದೆ ಬಿಟ್ಟುಬಿಡಬೇಡಿ.

ತೂಕ ನಿಂತುಹೋಯ್ತು, ಕೂದಲು ಉದುರುತ್ತಿದೆ

ಮೂರನೇ ವಾರದ ಹೊತ್ತಿಗೆ ಬಹಳ ಜನಕ್ಕೆ ತೂಕ ನಿಂತುಬಿಡುತ್ತದೆ. ದಿನಕ್ಕೆ ನಾಲ್ಕು ಚಮಚ ತಿಂದೂ ಇಳಿಯುತ್ತಿಲ್ಲವಲ್ಲ ಅಂತ ಅಳು ಬರುತ್ತದೆ. ಮೊದಲು ಇಳಿದದ್ದರಲ್ಲಿ ನೀರಿನ ಪಾಲು ದೊಡ್ಡದು: ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗುವಾಗ ಅದು ಹಿಡಿದಿಟ್ಟ ನೀರೂ ಹೋಗುತ್ತದೆ, ಆಮೇಲೆ ದೇಹ ಸ್ವಲ್ಪ ನೀರನ್ನು ಮತ್ತೆ ಹಿಡಿದುಕೊಳ್ಳುತ್ತದೆ. ಒಳಗೆ ಕೊಬ್ಬು ಕರಗುತ್ತಲೇ ಇರುತ್ತದೆ. ಇದಕ್ಕಾಗಿ ಊಟ ಇನ್ನಷ್ಟು ಕಡಿಮೆ ಮಾಡುವುದು ತಪ್ಪು. ವಾರಕ್ಕೊಮ್ಮೆ ಮಾತ್ರ ತೂಕ ನೋಡಿ, ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆಯಿರಿ. ಸರಾಸರಿಯಲ್ಲಿ ಹೇಳುವುದಾದರೆ ಒಂದೆರಡು ವರ್ಷದಲ್ಲಿ ಸ್ಲೀವ್ ಆದವರು ಮೊದಲಿದ್ದ ತೂಕದ ಸುಮಾರು ಶೇ. 25, ಬೈಪಾಸ್ ಆದವರು ಸುಮಾರು ಶೇ. 30 ಇಳಿಯುತ್ತಾರೆ. 120 ಕೆಜಿ ಇದ್ದವರು 85–90ರ ಹತ್ತಿರ ಬಂದರೆ ಸರ್ಜರಿ ಚೆನ್ನಾಗಿ ಕೆಲಸ ಮಾಡಿದೆ ಎಂದೇ ಅರ್ಥ. ಪಕ್ಕದ ಬೆಡ್ಡಿನಲ್ಲಿದ್ದವರು ಎಷ್ಟು ಇಳಿದರು ಎಂಬುದು ನಿಮಗೆ ಬೇಡ.

ಮೂರರಿಂದ ಆರು ತಿಂಗಳ ನಡುವೆ ಕೂದಲು ಕೈಗೆ ಬರುವಷ್ಟು ಉದುರಬಹುದು. ದೇಹಕ್ಕೆ ಆದ ದೊಡ್ಡ ಆಘಾತಕ್ಕೆ ಕೂದಲಿನ ಬೇರುಗಳು ಕೆಲಕಾಲ ವಿಶ್ರಾಂತಿಗೆ ಹೋಗುತ್ತವೆ, ಅಷ್ಟೇ, ಬೇರು ಸತ್ತಿರುವುದಿಲ್ಲ. ಸಾಮಾನ್ಯವಾಗಿ ವರ್ಷದೊಳಗೆ ಮತ್ತೆ ಬರುತ್ತದೆ. ಆರು ತಿಂಗಳು ದಾಟಿಯೂ ನಿಲ್ಲದಿದ್ದರೆ ಕಬ್ಬಿಣ, ಜಿಂಕ್, ಪ್ರೋಟೀನ್ ನೋಡಿಸಿ. ಜೋತುಬಿದ್ದ ಚರ್ಮಕ್ಕೆ ಕ್ರೀಮು ಹಚ್ಚಿ ಸುಮ್ನೆ ದುಡ್ಡು ಕಳೆಯಬೇಡಿ. ಆಪರೇಷನ್ ಮಾಡಿಸಬೇಕು ಅನ್ನಿಸಿದರೂ ತೂಕ ಒಂದು ಕಡೆ ನಿಂತ ಮೇಲೆ.

ನಡಿಗೆ ಮೊದಲ ದಿನದಿಂದಲೇ. ಭಾರ ಎತ್ತುವುದು ನಾಲ್ಕರಿಂದ ಆರು ವಾರ ಬೇಡ, ಆಮೇಲೆ ಡಾಕ್ಟರನ್ನು ಕೇಳಿ ಸ್ವಲ್ಪ ಸ್ವಲ್ಪ ಶುರು ಮಾಡಿ. ಸ್ನಾಯು ಉಳಿಸಿಕೊಳ್ಳುವುದಕ್ಕೆ ಬರೀ ನಡಿಗೆ ಸಾಲದು.

ಗರ್ಭಿಣಿಯಾಗುವ ಯೋಚನೆ ಇದ್ದರೆ 12ರಿಂದ 18 ತಿಂಗಳು ಕಾಯಿರಿ. ತೂಕ ಇಳಿದ ಹಾಗೆ ನಿಂತಿದ್ದ ಮುಟ್ಟು ಸರಿಹೋಗಿ ಗರ್ಭ ಬೇಗ ನಿಲ್ಲಬಹುದು, ಬೈಪಾಸ್ ಆದವರಲ್ಲಿ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಬೇರೆ ವಿಧಾನದ ಬಗ್ಗೆ ಮೊದಲೇ ಕೇಳಿ.

ಮನಸ್ಸು

ಹೊಟ್ಟೆ ಚಿಕ್ಕದಾಯಿತು, ಆದರೆ ಬೇಜಾರಾದಾಗ ತಿನ್ನುವ ಮನಸ್ಸು ಹಾಗೇ ಇರುತ್ತದೆ. ಐಸ್‌ಕ್ರೀಮ್, ಚಿಪ್ಸ್, ಸಿಹಿ ಪಾನೀಯ ಇವು ಚಿಕ್ಕ ಹೊಟ್ಟೆಯಲ್ಲೂ ಸಲೀಸಾಗಿ ಜಾರಿಹೋಗುತ್ತವೆ, ಸಾಕು ಎನ್ನುವ ಸೂಚನೆಯೇ ಬರುವುದಿಲ್ಲ. ತಿನ್ನಬೇಕು ಅನ್ನಿಸಿದಾಗ ಒಂದು ಮೊಟ್ಟೆ ತಿನ್ನುತ್ತೀನಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಬೇಡ ಅನ್ನಿಸಿದರೆ ಅದು ಹೊಟ್ಟೆಯ ಹಸಿವಲ್ಲ. ಮದ್ಯದ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಈಗ ಅದು ಬೇಗ ರಕ್ತಕ್ಕೆ ಸೇರುತ್ತದೆ, ಸ್ವಲ್ಪಕ್ಕೇ ನಶೆ ಏರುತ್ತದೆ, ಮೊದಲು ಚಟ ಇಲ್ಲದವರಿಗೂ ಒಂದೆರಡು ವರ್ಷದ ನಂತರ ಚಟ ಹತ್ತಬಹುದು. ಎಲ್ಲರೂ ಹೊಗಳುತ್ತಿರುವಾಗಲೂ ಒಳಗೆ ಮಂಕು ಕವಿದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಅದೇ ದಿನ ಯಾರಿಗಾದರೂ ಹೇಳಿ, ಡಾಕ್ಟರನ್ನು ನೋಡಿ. ಸರ್ಜರಿ ಆದವರಲ್ಲಿ ಇದು ಆಗುವುದುಂಟು, ಚಿಕಿತ್ಸೆಯೂ ಇದೆ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ? ಮೊದಲ ವಾರಗಳಲ್ಲಿ ಸುಮ್ಮನೆ ಕೂತಾಗಲೂ ನಾಡಿ 120 ದಾಟಿದರೆ, ಜ್ವರ, ಉಸಿರುಕಟ್ಟುವಿಕೆ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಒಂದು ಕಾಲಿನ ಮೀನಖಂಡದಲ್ಲಿ ಊತ ಇದ್ದರೆ. ಮಲ ಕಪ್ಪಗಾದರೆ ಯಾವಾಗಲಾದರೂ. ಬೈಪಾಸ್ ಆದವರಿಗೆ ತಿಂಗಳುಗಳೋ ವರ್ಷಗಳೋ ಆದ ಮೇಲೂ ಬಂದು ಬಂದು ಹೋಗುವ ಜೋರು ಹೊಟ್ಟೆನೋವು ಬಂದರೆ ಗ್ಯಾಸ್ ಅಂತ ಬಿಡಬೇಡಿ. ಒಳಗಿನ ಕೊಬ್ಬು ಕರಗಿ ಆದ ಸಂದಿಯಲ್ಲಿ ಕರುಳು ಸಿಕ್ಕಿಕೊಂಡಿರಬಹುದು.

ಇನ್ನು ಎರಡನೇ ವರ್ಷದ ಮಾತು. ಅತಿ ಕಡಿಮೆ ತೂಕ ಮುಟ್ಟಿದ ಮೇಲೆ ಕೆಲವು ಕೆಜಿ ವಾಪಸ್ ಬರುವುದು ಮಾಮೂಲಿ. ಆದರೆ ತಿಂಗಳು ತಿಂಗಳೂ ಏರುತ್ತಲೇ ಇದ್ದರೆ ನಾಚಿಕೆಯಿಂದ ಚೆಕಪ್ ತಪ್ಪಿಸಿಕೊಳ್ಳಬೇಡಿ, ಬಹಳ ಜನ ತಪ್ಪಿಸಿಕೊಳ್ಳುವುದು ಆಗಲೇ. ಒಂದು ವಾರ ತಿಂದದ್ದು ಕುಡಿದದ್ದನ್ನೆಲ್ಲ ಬಿಡದೆ ಬರೆದು, ಇತ್ತೀಚಿನ ರಕ್ತ ಪರೀಕ್ಷೆಯ ರಿಪೋರ್ಟು ಹಿಡಿದುಕೊಂಡು ಹೋಗಿ. ಊಟದಲ್ಲಿ ಬದಲಾವಣೆ, ಹಸಿವು ತಗ್ಗಿಸುವ ಔಷಧಿ, ಬೇಕಿದ್ದರೆ ಎಂಡೋಸ್ಕೋಪಿ (ಬಾಯಿಯ ಮೂಲಕ ಕೊಳವೆ ಇಳಿಸಿ ಮಾಡುವುದು), ದಾರಿಗಳು ಹಲವು ಇವೆ. ಐದು ಕೆಜಿ ಏರಿದಾಗ ಹೋದವರಿಗೆ ಅವು ಸುಲಭ, ಇಪ್ಪತ್ತು ಏರುವವರೆಗೆ ಕಾಯಬೇಡಿ.