ಮೂರು ಸೆಕೆಂಡಿನ ಶಾಟಿಗೆ ಮೂರೂವರೆ ಸೆಕೆಂಡಿನ ಹೆಜ್ಜೆ

ನಾನು ಬೆಂಗಳೂರಿನ ಒಂದು ವಿಎಫ್‌ಎಕ್ಸ್ (ಕಂಪ್ಯೂಟರಿನಲ್ಲಿ ದೃಶ್ಯ ಪರಿಣಾಮ ಮಾಡುವ) ಸ್ಟುಡಿಯೋದಲ್ಲಿ ಕ್ರೀಚರ್ ಅನಿಮೇಟರ್. ಇಲ್ಲದ ಪ್ರಾಣಿಗಳನ್ನು ನಡೆಸುವುದು, ಓಡಿಸುವುದು, ಒಮ್ಮೊಮ್ಮೆ ಸಾಯಿಸುವುದು ನನ್ನ ಹೊಟ್ಟೆಪಾಡು. ತೋಳ, ಕುದುರೆ, ರೆಕ್ಕೆಯ ಹಾವು ಎಲ್ಲ ಮಾಡಿ ಕೈ ಪಳಗಿತ್ತು. ಆಗ ಒಂದು ವಿದೇಶಿ ಟಿವಿ ಸರಣಿಯ ಕೆಲಸ ಬಂತು. ಮೂವತ್ತು ಮಹಡಿ ಎತ್ತರದ ಮೃಗಗಳು ಊರಿಗೆ ನುಗ್ಗುವ ಕಥೆ. ಶೂಟಿಂಗ್ ಕೆನಡಾದ ವ್ಯಾಂಕೂವರ್ ಸುತ್ತಮುತ್ತ. ಮೃಗ ಇರುವ ಶಾಟ್‌ಗಳನ್ನು ಬೇರೆ ಬೇರೆ ದೇಶಗಳ ಸ್ಟುಡಿಯೋಗಳಿಗೆ ಹಂಚಿದ್ದರು, ಅದರಲ್ಲಿ ಒಂದು ಪಾಲು ನಮಗೆ. ಕರಾರು ಇರುವುದರಿಂದ ಸರಣಿಯ ಹೆಸರು ಬರೆಯುವ ಹಾಗಿಲ್ಲ. ಹೆಸರು ಬಿಟ್ಟರೂ ಹೇಳುವುದು ಬೇಕಾದಷ್ಟಿದೆ ಬಿಡಿ.

ಇಂಥ ಸರಣಿ ನೋಡಿದವರು ಕೇಳುವುದು ಚರ್ಮ, ಹಲ್ಲು, ಬಾಯಿಂದ ಬರುವ ಬೆಂಕಿ, ಇವುಗಳ ಬಗ್ಗೆ. "ಎಷ್ಟು ಡೀಟೇಲ್ ಅಲ್ವಾ!" ಅಂತಾರೆ. ಡೀಟೇಲ್ ಬೇಕು, ಸುಳ್ಳಲ್ಲ. ಆದರೆ ಒಂದು ಮೃಗ ದೊಡ್ಡದು ಅನ್ನಿಸುವುದು ಅದು ಅಲುಗಾಡಲು ತೆಗೆದುಕೊಳ್ಳುವ ಸಮಯದಿಂದ. ಟಿವಿಯಲ್ಲಿ ಕೊರತೆ ಇರುವುದೇ ಸಮಯಕ್ಕೆ. ನಮ್ಮ ಪೂರ್ತಿ ಒದ್ದಾಟ ಈ ಎರಡರ ನಡುವೆ.

ಲೆಕ್ಕ ಹೀಗಿದೆ. ನಡೆಯುವಾಗ ಕಾಲು ಸೊಂಟದಿಂದ ತೂಗುತ್ತದೆ. ಉದ್ದ ಹಗ್ಗದ ಜೋಕಾಲಿ ನಿಧಾನಕ್ಕೆ ಹೋಗಿ ಬರುತ್ತದಲ್ಲ, ಹಾಗೇ ಕಾಲು ಉದ್ದವಾದಷ್ಟೂ ಹೆಜ್ಜೆ ನಿಧಾನ. ಎಷ್ಟು ನಿಧಾನ ಅಂದರೆ, ಉದ್ದ ಹೆಚ್ಚಾದದ್ದರ ವರ್ಗಮೂಲದಷ್ಟು. ನಮ್ಮ ಕಾಲು ಸುಮಾರು 90 ಸೆಂಟಿಮೀಟರ್, ಒಂದು ಹೆಜ್ಜೆಗೆ ಅರ್ಧ ಸೆಕೆಂಡ್. ನಮ್ಮ ಮೃಗದ ಕಾಲು 45 ಮೀಟರ್. ಅಂದರೆ 50 ಪಟ್ಟು. 50ರ ವರ್ಗಮೂಲ ಹತ್ತಿರ ಹತ್ತಿರ 7. ಹಾಗಾಗಿ ಅರ್ಧ ಸೆಕೆಂಡಿನ ಹೆಜ್ಜೆ ಮೂರೂವರೆ ಸೆಕೆಂಡಾಯಿತು.

ಇನ್ನು ಶಾಟ್ ಎಷ್ಟು ಹೊತ್ತು ನಿಲ್ಲುತ್ತದೆ? ಊರು ಪುಡಿಯಾಗುವ ದೃಶ್ಯಗಳಲ್ಲಿ ನಮಗೆ ಬಂದ ಹೆಚ್ಚಿನ ಶಾಟ್‌ಗಳು ಮೂರು ಸೆಕೆಂಡಿನ ಆಸುಪಾಸು. ಸೆಕೆಂಡಿಗೆ 24 ಫ್ರೇಮ್, ಒಟ್ಟು 72. ನಮ್ಮ ಕಸುಬಿನಲ್ಲಿ ಫ್ರೇಮ್ ಎಣಿಕೆ 1001ರಿಂದ ಶುರು. 1072ಕ್ಕೆ ಶಾಟ್ ಮುಗೀತು, ಎತ್ತಿದ ಕಾಲು ಇನ್ನೂ ಗಾಳಿಯಲ್ಲೇ ಇದೆ.

ಶೂಟಿಂಗ್‌ಗೆ ಮೊದಲೇ ಕಚ್ಚಾ ಅನಿಮೇಷನ್ ಒಂದು ಮಾಡಿಟ್ಟಿರುತ್ತಾರೆ, ಪ್ರೀವಿಸ್ ಅಂತ. ನಮಗೆ ಸಿಕ್ಕ ಪ್ರೀವಿಸ್‌ನಲ್ಲಿ ಮೃಗ ಒಂದೇ ಶಾಟಿನಲ್ಲಿ ಧಡಧಡ ಎರಡು ಹೆಜ್ಜೆ ಇಟ್ಟುಬಿಡುತ್ತಿತ್ತು. ಎಡಿಟಿಂಗ್ ಕೂಡ ಆ ತಾಳಕ್ಕೇ ಆಗಿತ್ತು. ಅದನ್ನು ಹಾಗೇ ಉಳಿಸಿದರೆ ಮೃಗ ಹತ್ತಾಳೆತ್ತರದ ಕೋತಿ ಥರ ಕಾಣುತ್ತದೆ. ನಿಧಾನ ಮಾಡೋಣ ಅಂದರೆ "ಅಪಾಯ ಅನ್ನಿಸಲ್ಲ, ಜನ ಸುಮ್ನೆ ನಡ್ಕೊಂಡೇ ತಪ್ಪಿಸ್ಕೋಬಹುದು" ಅನ್ನುವ ಭಯ ಸರಣಿ ಮಾಡುವವರಿಗೆ.

ಈ ಭಯಕ್ಕೆ ಉತ್ತರವೂ ಅದೇ ಲೆಕ್ಕದಲ್ಲಿತ್ತು. ಹೆಜ್ಜೆಗೆ ಮೂರೂವರೆ ಸೆಕೆಂಡ್ ಹಿಡಿದರೂ ಒಂದೊಂದು ಹೆಜ್ಜೆ 35 ಮೀಟರ್. ಅಂದರೆ ಗಂಟೆಗೆ 36 ಕಿಲೋಮೀಟರ್. ಯಾರಪ್ಪ ಓಡಿ ತಪ್ಪಿಸಿಕೊಳ್ಳುತ್ತಾನೆ? ನಮ್ಮ ಅನಿಮೇಷನ್ ಲೀಡ್ ಒಂದು ಖಾಲಿ ರಸ್ತೆಯ ಮಾಡೆಲ್ ತೆಗೆದುಕೊಂಡು, ಓಡುವ ಒಬ್ಬ ಮನುಷ್ಯನನ್ನೂ ಹಿಂದೆ ಮೃಗವನ್ನೂ ಬಿಟ್ಟು, ಬಣ್ಣಗಿಣ್ಣ ಏನೂ ಇಲ್ಲದ ಬೂದು ಪ್ಲೇಬ್ಲಾಸ್ಟ್ (ಅವಸರದ ಪರೀಕ್ಷಾ ವಿಡಿಯೋ) ತೆಗೆದು ಕಳಿಸಿದರು. ಮೃಗ ಆರಾಮಾಗಿ ಹೋಗುತ್ತಿದೆ, ಮನುಷ್ಯ ಜೀವ ಕೈಯಲ್ಲಿ ಹಿಡಿದು ಓಡುತ್ತಿದ್ದಾನೆ, ಆದರೂ ನಡುವಿನ ಅಂತರ ಕರಗುತ್ತಲೇ ಇದೆ. ಅದನ್ನು ನೋಡಿದ ಮೇಲೆ ಆ ಕಡೆಯವರ ತಕರಾರು ಅರ್ಧ ಕಮ್ಮಿಯಾಯಿತು.

ಉಳಿದರ್ಧಕ್ಕೆ ಹೆಜ್ಜೆಯನ್ನೇ ಶಾಟ್‌ಗಳಿಗೆ ಹಂಚಿದೆವು. ಮೊದಲನೇ ಶಾಟಿನಲ್ಲಿ ಮನೆಗಳ ಮಾಡಿನ ಆಚೆಯಿಂದ ಪಾದ ಮೇಲೇಳುತ್ತದೆ. ಎರಡನೆಯದರಲ್ಲಿ ಪಾದವೇ ಇಲ್ಲ, ರಸ್ತೆಯ ಮೇಲೆ ನೆರಳು ಹರಿದು ಹೋಗುತ್ತದೆ, ಜನ ತಲೆ ಎತ್ತುತ್ತಾರೆ. ಮೂರನೆಯದರಲ್ಲಿ ಪಾದ ಊರುತ್ತದೆ. ಕಟ್ ಮೂರು, ಹೆಜ್ಜೆ ಒಂದೇ. ಇದಕ್ಕೆ ಒಂದೊಂದೇ ಶಾಟನ್ನು ಬಿಡಿಬಿಡಿಯಾಗಿ ಅನಿಮೇಟ್ ಮಾಡಿದರೆ ತಾಳ ತಪ್ಪುತ್ತದೆ. ಅದಕ್ಕೆ ಮೊದಲು ಇಡೀ ರಸ್ತೆಯುದ್ದಕ್ಕೂ ಮೃಗವನ್ನು ಒಂದೇ ಸಮನೆ ನಡೆಸಿದ ಮಾಸ್ಟರ್ ಮಾಡಿಕೊಂಡೆವು. ಆಮೇಲೆ ಎಡಿಟ್ ಪ್ರಕಾರ ಅದರ ಮೇಲೆ ಕ್ಯಾಮೆರಾಗಳನ್ನು ಕೂರಿಸಿದೆವು. ನೋಡುವವರಿಗೆ ಇದು ಗೊತ್ತಾಗಲ್ಲ. ಆದರೆ ಕಟ್ ಆಚೆಗೂ ಆ ಕಾಲು ಎಲ್ಲೋ ಬರ್ತಾ ಇದೆ ಅಂತ ಮೈಗೆ ಗೊತ್ತಾಗುತ್ತದೆ.

ಇನ್ನು ಭಾರ. ನಮ್ಮಲ್ಲಿ ರೆಫರೆನ್ಸ್, ಅಂದರೆ ನೋಡಿ ಮಾಡಲು ನಿಜವಾದ ಚಲನೆಯ ವಿಡಿಯೋ, ಇಲ್ಲದೆ ಯಾರೂ ಒಂದು ಭಂಗಿಯನ್ನೂ ಕೂರಿಸಲ್ಲ. 90 ಮೀಟರ್ ಪ್ರಾಣಿಗೆ ರೆಫರೆನ್ಸ್ ಎಲ್ಲಿಂದ ತರುವುದು? ಮೈಸೂರಿಗೆ ಹೋದೆ. ದಸರಾಕ್ಕೆ ಮೊದಲು ಆನೆಗಳಿಗೆ ತಾಲೀಮು ನಡೆಯುತ್ತದಲ್ಲ, ಅರಮನೆಯಿಂದ ಬನ್ನಿಮಂಟಪದ ತನಕ. ಜಂಬೂ ಸವಾರಿಯ ದಿನ ಹೊರಬೇಕಾದ ಚಿನ್ನದ ಅಂಬಾರಿ 750 ಕೆ.ಜಿ. ಅದಕ್ಕೆ ಆನೆಯನ್ನು ಮೊದಲು ಖಾಲಿ ನಡೆಸಿ, ಆಮೇಲೆ ಬೆನ್ನಿಗೆ ಮರಳು ಮೂಟೆ ಹೇರಿ, ತೂಕ ಹೆಚ್ಚಿಸುತ್ತಾ ಅಭ್ಯಾಸ ಮಾಡಿಸುತ್ತಾರೆ. ಅನಿಮೇಟರ್‌ಗೆ ಇದಕ್ಕಿಂತ ಏನು ಬೇಕು? ಅದೇ ಆನೆ, ಅದೇ ರಸ್ತೆ, ಒಮ್ಮೆ ಹಗುರ, ಒಮ್ಮೆ ಭಾರ. ಮೊಬೈಲನ್ನು ಸ್ಲೋ ಮೋಷನ್‌ಗೆ ಹಾಕಿ ರಸ್ತೆ ಬದಿ ಕುಕ್ಕರುಗಾಲಲ್ಲಿ ಕೂತೆ.

ನನ್ನನ್ನೇ ನೋಡುತ್ತಿದ್ದ ಕಾವಾಡಿಯೊಬ್ಬರು ಹತ್ತಿರ ಬಂದು, "ಏನ್ ಸಾರ್, ಎಲ್ರೂ ಆನೆ ಮೊಕ ತೆಗೀತಾರೆ, ನೀವು ಕಾಲೇ ತೆಗೀತಾ ಇದ್ದೀರಲ್ಲ?" ಅಂದರು. ಸಿನಿಮಾ ಕೆಲಸ ಅಂದೆ. "ಹಂಗಾದ್ರೆ ಹಿಂದ್ಗಡೆ ಕಾಲು ನೋಡಿ ಸಾರ್, ಮುಂದಿನ್ ಕಾಲು ಎದ್ದ ಜಾಗ್ದಲ್ಲೇ ಊರ್ತದೆ" ಅಂತ ತೋರಿಸಿದರು. ನಿಜ. ಹಿಂಗಾಲು ಹೆಚ್ಚುಕಮ್ಮಿ ಮುಂಗಾಲಿನ ಗುರುತಿನ ಮೇಲೇ ಬೀಳುತ್ತದೆ. ಇನ್ನೊಂದು ಸಂಗತಿ ಸ್ಟುಡಿಯೋಗೆ ಬಂದು ಫ್ರೇಮ್ ಫ್ರೇಮಾಗಿ ನೋಡಿದಾಗ ಕಂಡಿತು. ಆನೆಯ ಪಾದದ ಹಿಂಭಾಗದಲ್ಲಿ ಕೊಬ್ಬಿನ ದಿಂಬಿದೆ. ಕಾಲು ಊರಿದಾಗ ಪಾದ ತಕ್ಷಣ ಅಗಲವಾಗಲ್ಲ. ಮೊದಲು ತಾಗುತ್ತದೆ, ಆಮೇಲೆ ಮೈಭಾರ ಮೇಲೆ ಬರುತ್ತಾ ಬರುತ್ತಾ ಅಗಲವಾಗುತ್ತದೆ, ಎತ್ತುವಾಗ ಮತ್ತೆ ಕಿರಿದಾಗುತ್ತದೆ. ತಾಗುವುದಕ್ಕೂ ಭಾರ ಕೂರುವುದಕ್ಕೂ ನಡುವೆ ಇರುವ ಆ ಸಣ್ಣ ತಡವನ್ನು ಏಳು ಪಟ್ಟು ಎಳೆದು ನಮ್ಮ ಮೃಗದ ಕಾಲಿಗೆ ಹಾಕಿದೆ. ಮೃಗವನ್ನು ಅಲುಗಾಡಿಸುವ ಒಳಗಿನ ಅಸ್ಥಿಪಂಜರ, ಅಂದರೆ ರಿಗ್, ಕಟ್ಟುವ ರಿಗ್ಗಿಂಗ್‌ನವರು ಬೈದುಕೊಂಡೇ ಪಾದಕ್ಕೆ ಇನ್ನೊಂದಿಷ್ಟು ಕಂಟ್ರೋಲ್ ಸೇರಿಸಿಕೊಟ್ಟರು. ಆ ಶಾಟ್ ಡೈಲೀಸ್‌ನಲ್ಲಿ (ಆಗಿರುವ ಕೆಲಸ ಕೂತು ನೋಡುವ ಸಭೆಯಲ್ಲಿ) ಬಂದ ದಿನ ವ್ಯಾಂಕೂವರ್‌ನ ಸೂಪರ್‌ವೈಸರ್ ಏನೂ ಹೇಳದೆ ಲೂಪ್‌ನಲ್ಲಿ ನೋಡುತ್ತಲೇ ಇದ್ದರು. ಅವರಿಗೆ ಬೆಳಿಗ್ಗೆ ಎಂಟು, ನಮಗೆ ರಾತ್ರಿ ಎಂಟೂವರೆ. ಅಪ್ರೂವ್ಡ್ ಅಂದಾಗ ನಮ್ಮ ಕಡೆ ಅರ್ಧ ಜನ ಊಟಕ್ಕೆ ಎದ್ದೇ ಹೋಗಿದ್ದರು.

ಇಲ್ಲೊಂದು ಮಾತು ಹೇಳಲೇಬೇಕು. ವಿಜ್ಞಾನದ ಪ್ರಕಾರ ಇಂಥ ಪ್ರಾಣಿ ನಿಲ್ಲುವುದೇ ಸಾಧ್ಯವಿಲ್ಲ. ಎತ್ತರ 50 ಪಟ್ಟಾದರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ 2,500 ಪಟ್ಟು, ತೂಕ ಮಾತ್ರ 1,25,000 ಪಟ್ಟು. ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಮೊದಲ ಹೆಜ್ಜೆಗೇ ಕಾಲು ಮುರಿಯಬೇಕು. ಹಾಗಾಗಿ ನಾವು ಭೌತಶಾಸ್ತ್ರದಲ್ಲಿ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟೆವು. ಬೀಳುವ ವೇಗ ಇಟ್ಟುಕೊಂಡೆವು, ಮೂಳೆಯ ತಂಟೆಗೆ ಹೋಗಲಿಲ್ಲ.

ಈ ಲೆಕ್ಕ ಹೊಸದೇನೂ ಅಲ್ಲ. ಜಪಾನಿನಲ್ಲಿ 1954ರಲ್ಲಿ ಮೊದಲ ಗಾಡ್ಜಿಲಾಗೆ ಸ್ಪೆಷಲ್ ಎಫೆಕ್ಟ್ಸ್ ಮಾಡಿದ ಎಯ್ಜಿ ತ್ಸುಬುರಾಯಾ ಇದನ್ನೇ ಕ್ಯಾಮೆರಾದಲ್ಲಿ ಮಾಡಿದ್ದರು. ಮೃಗದ ಸೂಟಿನೊಳಗೆ ನಟ ಹರುವೋ ನಕಾಜಿಮಾ, ಸುತ್ತ 1/25 ಅಳತೆಯ ಟೋಕಿಯೋ. 25ರ ವರ್ಗಮೂಲ 5. ಅಂದರೆ ಸೆಕೆಂಡಿಗೆ 24ರ ಬದಲು 120 ಫ್ರೇಮ್ ಓಡಿಸಿ, 24ರಲ್ಲಿ ತೋರಿಸಿದರೆ ಬೀಳುವ ಕಟ್ಟಡ ದೊಡ್ಡ ಕಟ್ಟಡದ ವೇಗದಲ್ಲೇ ಬೀಳುತ್ತದೆ. ಪ್ರತಿ ಶಾಟಿಗೂ ಅಷ್ಟು ಬೇಕಿಲ್ಲ, ಆದರೆ ಕ್ಯಾಮೆರಾ ಜೋರಾಗಿ ಓಡಬೇಕು ಅನ್ನುವುದು ಸೂತ್ರ.

ಅವರ ಟಿವಿ ಕೆಲಸ ನನಗೆ ಇನ್ನೂ ಇಷ್ಟ. 1966ರ ಜನವರಿಯಲ್ಲಿ ಅಲ್ಟ್ರಾ ಕ್ಯೂ, ಅದೇ ಜುಲೈನಲ್ಲಿ ಅಲ್ಟ್ರಾಮ್ಯಾನ್. ವಾರಕ್ಕೊಂದು ಕಂತು, ಹೆಚ್ಚುಕಮ್ಮಿ ಕಂತಿಗೊಂದು ಹೊಸ ಮೃಗ. ಸಿನಿಮಾದ ಬಜೆಟ್ ಇಲ್ಲ, ಸಿನಿಮಾದ ಸಮಯವೂ ಇಲ್ಲ. ಏನು ಮಾಡಿದರು? 1965ರ ಸಿನಿಮಾಕ್ಕೆ ಹೊಲಿದ ಬರಗಾನ್ ಅನ್ನುವ ಮೃಗದ ಸೂಟನ್ನೇ ತಿದ್ದಿ ನೆರೊಂಗಾ ಅನ್ನುವ ಮೃಗ ಮಾಡಿದರು. ಗಾಡ್ಜಿಲಾ ಸೂಟಿನ ಕುತ್ತಿಗೆಗೆ ಒಂದು ಕೊರಳಪಟ್ಟಿ ಕಟ್ಟಿ ಜಿರಾಸ್ ಅಂತ ಹೊಸ ಹೆಸರಿಟ್ಟರು. ಕಥೆಯಲ್ಲಿ ಮೃಗಗಳ ಜೊತೆ ಹೋರಾಡುವ ದೈತ್ಯ ನಾಯಕ ಅಲ್ಟ್ರಾಮ್ಯಾನ್ ಭೂಮಿಯ ಮೇಲೆ ನಿಲ್ಲಬಹುದಾದದ್ದು ಮೂರೇ ನಿಮಿಷ, ಎದೆಯ ದೀಪ ಕೆಂಪಾಗಿ ಮಿನುಗಿದರೆ ಹೊತ್ತು ಮುಗೀತಾ ಬಂತು ಅಂತ. ಖರ್ಚಾಗುವ ಜಗಳದ ದೃಶ್ಯಕ್ಕೆ ಕಥೆಯೊಳಗೇ ಕಡಿವಾಣ! ಎಂಥ ತಲೆ ನೋಡಿ.

ನಾವೂ ಅದನ್ನೇ ಮಾಡಿದೆವು. ನಮ್ಮ ಸರಣಿಯ ಎರಡನೇ ಮೃಗದ ರಿಗ್ ಮೊದಲನೆಯದರದ್ದೇ. ಕುತ್ತಿಗೆ ಗಿಡ್ಡ ಮಾಡಿ, ಬೆನ್ನಿಗೆ ಚಿಪ್ಪು ಕೂರಿಸಿ, ಬಾಲ ಉದ್ದ ಎಳೆದರು. ಗೋಡೆ ಕುಸಿಯುವ ಸಿಮ್ಯುಲೇಷನ್‌ಗಳನ್ನು ನೀರು, ಕುಸಿತ ಇಂಥವನ್ನು ಮಾಡುವ ಎಫ್‌ಎಕ್ಸ್‌ನವರು ಹೂಡಿನಿ ಅನ್ನುವ ಸಾಫ್ಟ್‌ವೇರಿನಲ್ಲಿ ಒಮ್ಮೆ ಮಾಡಿ ಉಳಿಸಿಟ್ಟುಕೊಂಡು, ತಿರುಗಿಸಿ, ಕನ್ನಡಿ ಮಾಡಿ, ಬೇರೆ ಬೇರೆ ಕಂತುಗಳಲ್ಲಿ ಬಳಸಿದರು. ಮೃಗ ಕಾಣದೆ ಅದರ ಪರಿಣಾಮ ಮಾತ್ರ ಕಾಣುವ ಶಾಟ್‌ಗಳು, ಅಂದರೆ ನೀರು ನಡುಗುವುದು, ಕಾರಿನ ಅಲಾರಂ ಹೊಡೆದುಕೊಳ್ಳುವುದು, ಇವೆಲ್ಲ ಸೆಟ್ಟಿನಲ್ಲೇ ಆಗಿಹೋದವು. ನಟರು ನೋಡಬೇಕಾದ ಎತ್ತರ ತಿಳಿಯಲಿ ಅಂತ ಹತ್ತಿರದ ಶಾಟ್‌ಗಳಿಗೆ ಕೋಲಿನ ತುದಿಗೆ ಟೆನಿಸ್ ಬಾಲ್. 90 ಮೀಟರ್ ಕೋಲು ಎಲ್ಲಿ ಸಿಗುತ್ತದೆ? ದೂರದ ಶಾಟ್‌ಗಳಿಗೆ ಯಾವುದೋ ಕಟ್ಟಡದ ತುದಿ ತೋರಿಸಿ "ಅಲ್ಲಿ ನೋಡಿ" ಅಂದಿರುತ್ತಾರೆ. ಗುಂಪಿನಲ್ಲಿ ಹತ್ತು ಜನ ಹತ್ತು ಕಡೆ ನೋಡಿರುತ್ತಾರೆ. ಅದಕ್ಕೆ ಸರಿಯಾಗಿ ನಾವು ಮೃಗದ ತಲೆ ತಿರುಗಿಸಬೇಕು.

ನಮ್ಮ ಅನಿಮೇಷನ್ ಎಷ್ಟೇ ಚೆನ್ನಾಗಿದ್ದರೂ ಕೊನೆಗೆ ಎಲ್ಲ ಪದರ ಸೇರಿಸಿ ಚಿತ್ರ ಪೂರ್ತಿ ಮಾಡುವ ಕಾಂಪೋಸಿಟಿಂಗ್‌ನವರು ಮನಸ್ಸು ಮಾಡಿದರೆ ಅದನ್ನು ಆಟಿಕೆ ಮಾಡಿಬಿಡಬಹುದು. ಫೋಕಸ್ ಸ್ವಲ್ಪ ಮಸುಕು ಮಾಡಿದರೆ ಸಾಕು, ದೊಡ್ಡ ಊರೂ ಮೇಜಿನ ಮೇಲಿಟ್ಟ ಮಾಡೆಲ್ ಆಗುತ್ತದೆ. ನಮ್ಮವರು ಜಾಣರು. ಮುಂದಿನಿಂದ ಹಿಂದಿನವರೆಗೆ ಎಲ್ಲ ಚೂಪಾಗಿಟ್ಟು, ಮಂಜಿನಿಂದ ದೂರ ತೋರಿಸಿದರು. ಪಾದದ ಹತ್ತಿರ ಕಪ್ಪು ಕಪ್ಪಾಗಿದೆ, ಮೇಲೆ ಹೋದಂತೆ ಗಾಳಿಯ ಪದರ ಸೇರಿ ತಲೆ ನೀಲಿಗಟ್ಟಿ ತೆಳುವಾಗುತ್ತದೆ. ಒಂದೇ ಪ್ರಾಣಿಯ ಮೈಮೇಲೆ ಎರಡು ಹವಾಮಾನ. ನನಗೆ ಇಡೀ ಸರಣಿಯಲ್ಲಿ ತುಂಬಾ ಹಿಡಿಸಿದ್ದು ಇದೇ.

ನೀರಿನ ವಿಷಯ ಅಷ್ಟು ಸಲೀಸಾಗಿರಲಿಲ್ಲ. ಮೃಗ ಬಂದರಿನಿಂದ ಎದ್ದು ಬರುವ ಒಂದು ಶಾಟ್ ಇತ್ತು. ನಿರ್ದೇಶಕರು ಹಟ ಹಿಡಿದು ಅದನ್ನು ಕತ್ತರಿಸದೆ ಉದ್ದಕ್ಕೆ ಬಿಟ್ಟಿದ್ದರು. ಪೂರ್ತಿ ಹೆಜ್ಜೆಗಳು ಕಾಣುವ ಶಾಟ್ ಅದೊಂದೇ. ಹಳೆಯ ಮಿನಿಯೇಚರ್ ಸಿನಿಮಾಗಳಲ್ಲಿ ಸುಳ್ಳು ಬಯಲಾಗುತ್ತಿದ್ದದ್ದು ನೀರಿನಲ್ಲಿ. ಹಡಗನ್ನು ಚಿಕ್ಕದು ಮಾಡಬಹುದು, ನೀರಿನ ಹನಿಯನ್ನು ಮಾಡಲಾಗದು. ನಮಗೆ ತಿರುಗು ಮುರುಗು. ನಮ್ಮ ಹನಿಗಳು ತೀರಾ ಚಿಕ್ಕವಿರಬೇಕು, ಇಲ್ಲದಿದ್ದರೆ ಮೃಗ ಸ್ನಾನದ ತೊಟ್ಟಿಯಿಂದ ಎದ್ದ ಹಾಗೆ. 80 ಮೀಟರ್ ಎತ್ತರದ ಗದ್ದದಿಂದ ಜಾರಿದ ನೀರು ಕೆಳಗೆ ಬರಲು, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೂ, ನಾಲ್ಕು ಸೆಕೆಂಡ್. ಅಷ್ಟರಲ್ಲಿ ಧಾರೆ ಒಡೆದು, ಹನಿಯಾಗಿ, ಹನಿ ತುಂತುರಾಗಿ, ಅರ್ಧ ದಾರಿಯಲ್ಲೇ ಹೊಗೆಯ ಹಾಗೆ ತೇಲಬೇಕು. ಎಫ್‌ಎಕ್ಸ್‌ನ ಹುಡುಗಿ ಇದಕ್ಕೆ ಜೋಗದ ವಿಡಿಯೋಗಳನ್ನು ಪಕ್ಕದ ಸ್ಕ್ರೀನಿನಲ್ಲಿ ಹಾಕಿಕೊಂಡೇ ಕೆಲಸ ಮಾಡಿದಳು. ಸಿಮ್ಯುಲೇಷನ್ ಎಷ್ಟು ಭಾರವಾಯಿತೆಂದರೆ ರೆಂಡರ್ ಫಾರ್ಮ್‌ನಲ್ಲಿ (ಚಿತ್ರ ತಯಾರಿಸುವ ಕಂಪ್ಯೂಟರ್‌ಗಳ ಗುಂಪಿನಲ್ಲಿ) ಉಳಿದ ಶಾಟ್‌ಗಳು ಸಾಲುಗಟ್ಟಿ ನಿಂತವು, ಬೇರೆ ಪ್ರಾಜೆಕ್ಟಿನವರು ನಮ್ಮ ಕಡೆ ಕೆಕ್ಕರಿಸಿಕೊಂಡು ನೋಡಿದರು.

ಆ ಶಾಟಿನಲ್ಲಿ ನನ್ನ ಪಾಲಿಗೆ ಉಳಿದ ಸಣ್ಣ ಕೆಲಸ ಕಣ್ಣು. ಮನುಷ್ಯ ರೆಪ್ಪೆ ಬಡಿಯಲು ಒಂದು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಮೃಗಕ್ಕೆ ಅದನ್ನೇ ಹಾಕಿದರೆ ಗಾಬರಿಬಿದ್ದ ಹಲ್ಲಿ. ಏಳು ಪಟ್ಟು ಎಳೆದರೆ ನಿದ್ದೆ ಹತ್ತಿದ ಹಾಗೆ. ಲೆಕ್ಕ ಇಲ್ಲಿ ಕೈ ಕೊಟ್ಟಿತು, ಕಣ್ಣಳತೆಯಲ್ಲೇ ಒಂದು ಸೆಕೆಂಡಿಗೆ ತಂದು ನಿಲ್ಲಿಸಿದೆ.

ಈಗ ಹೊಸ ಸೀಸನ್ನಿನ ಡಿಸೈನ್‌ಗಳು ಬಂದಿವೆ. ಅದರಲ್ಲಿ ಒಂದಕ್ಕೆ ಕಾಲೇ ಇಲ್ಲ, ನೆಲದ ಮೇಲೆ ತೆವಳುತ್ತದೆ. ತೂಗುವ ಕಾಲಿಲ್ಲದ ಮೇಲೆ ವರ್ಗಮೂಲವನ್ನು ಎಲ್ಲಿಗೆ ಹಚ್ಚುವುದು ಅಂತ ಟೀಮಿನಲ್ಲಿ ಚರ್ಚೆ ನಡೆದಿದೆ. ದೊಡ್ಡ ಹೆಬ್ಬಾವು ಅವಸರವಿಲ್ಲದಾಗ ಮೈ ಬಳುಕಿಸಲ್ಲ, ಹೊಟ್ಟೆಯ ಚಿಪ್ಪುಗಳನ್ನು ಸಾಲಾಗಿ ಎತ್ತಿ ಊರುತ್ತಾ ನೇರವಾಗಿ ಸರಿಯುತ್ತದೆ. ಭಾರ ತೋರಿಸಲು ಬಳುಕಾಟಕ್ಕಿಂತ ಅದೇ ಸರಿ ಅಂತ ನನ್ನ ವಾದ. ರಿಗ್ಗಿಂಗ್‌ನವರು ಈಗಲೇ ಬೈಯಲು ಶುರು ಮಾಡಿದ್ದಾರೆ, ಹೊಟ್ಟೆಯ ಒಂದೊಂದು ಚಿಪ್ಪಿಗೂ ಕಂಟ್ರೋಲ್ ಕೊಡಬೇಕಲ್ಲ.