ಬಾಗಲಕ್ಕೊಂದು 'ಬರ್ರಿ': ಕೌದಿ ಹೊಲಗಿಯ ಸಣ್ಣ ಫಲಕ ನಾನು ಮಾಡಿದ ರೀತಿ

ಕಾಲೊರಸಿನ ಮ್ಯಾಲ ವೆಲ್‌ಕಮ್ ಅಂತ ಬರೆದಿರ್ತೈತಲ್ರಿ, ಅದನ್ನ ತುಳಿಯೋದು ನನಗ ಮೊದಲಿಂದಾನೂ ಸರಿ ಅನಸಂಗಿಲ್ಲ. ಪುಸ್ತಕಕ್ಕ ಕಾಲು ತಾಗಿದ್ರ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋ ಮಂದಿ ನಾವು, ಅಕ್ಷರ ಇರೋದನ್ನ ಹೊಸ್ತಿಲ ಮುಂದ ಹಾಸಿ ಕೆಸರು ಒರಸೋದು ಹೆಂಗ? ಇನ್ನ ಅಂಗಡ್ಯಾಗ ಸಿಗೋ ಪ್ಲಾಸ್ಟಿಕ್ ತೋರಣ ನಮ್ಮ ಬಳ್ಳಾರಿ ಬಿಸಲಿಗೆ ಒಂದು ಬ್ಯಾಸಿಗಿ ತಡದ್ರ ಹೆಚ್ಚು, ಮುಟ್ಟಿದ್ರ ಪುಡಿಪುಡಿ ಉದುರತಾವ. ಅದಕ್ಕ ಬಾಗಲಕ್ಕ ತೂಗಹಾಕೋ ಅಂಥ ಬಟ್ಟೆ ಫಲಕ ಒಂದು, ಕೌದಿ (ಹಳೆ ಬಟ್ಟಿಯಿಂದ ಹೊಲಿಯೋ ಹೊದಿಕಿ) ಹಂಗ ಪದರ ಇಟ್ಟು ಕೈಯಿಂದ ಹೊಲಿದದ್ದು, ಮನ್ಯಾಗಿರೋ ಬಟ್ಟಿಯಿಂದಾನೇ ಮಾಡೀನಿ. ನೋಡಿದವರೆಲ್ಲ ಹೆಂಗ ಮಾಡಿದ್ರಿ ಅಂತ ಕೇಳ್ತಾರ, ಎಲ್ಲಾರೂ ಕೇಳೋದು ಅಕ್ಷರದ ಬಗ್ಗೇನೇ, ಹಂಗಾಗಿ ಅದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೊದಲು ಏನು ಬರೀಬೇಕು ಅನ್ನೋದು. ಸುಸ್ವಾಗತ ಅಂತ ಪೇಪರ್ ಮ್ಯಾಲ ಬರೆದು ನೋಡಿದೆ, ನಾಲ್ಕು ಅಕ್ಷರ, ಅದರಾಗ ಸ್ವಾ ಕೆಳಗ ವತ್ತು ಬ್ಯಾರೆ, ಅದಕ್ಕ ಜಾಗ ಬಿಟ್ರ ಉಳಿದ ಅಕ್ಷರ ಎಲ್ಲಾ ಸಣ್ಣ ಆಗಿ ಗೇಟಿನ ಹತ್ರ ನಿಂತವರಿಗೆ ಓದಾಕ ಬರಂಗಿಲ್ಲ. ನಮ್ಮ ಕಡೆ ಮನಿಗೆ ಬಂದೋರಿಗೆ ಬಾಯಿಂದ ಬರೋ ಮಾತು 'ಬರ್ರಿ' ಅಂತಾನೇ ಅಲ್ರಿ, ಅದನ್ನೇ ಬರೆದೆ. ಒಂದು ಬ, ಒಂದು ರಿ, ಪಕ್ಕಕ್ಕೊಂದು ಅರ್ಕಾವೊತ್ತು, ಅಷ್ಟೇ. ಕೆಳಗ ಇಳಿಯೋ ವತ್ತು ಇಲ್ಲ, ಅಕ್ಷರ ದೊಡ್ಡದಾಗಿ ತುಂಬಿಕೊಂಡು ಕುಂದರತಾವ.

ಅಳತಿ ನಾನು ಇಟ್ಟಿದ್ದು 18 ಇಂಚು ಅಗಲ, 13 ಇಂಚು ಎತ್ತರ. ನಡುವಿನ ಅಂಕಣ 14 ಇಂಚು ಇಂಟು 9 ಇಂಚು, ಸುತ್ತ 2 ಇಂಚಿನ ದಡಿ. ಇದು ಮೂರೂವರೆ ಅಡಿ ಅಗಲದ ಬಾಗಲಕ್ಕ ನಡುವ ಚೊಲೋ ಕಾಣ್ತೈತಿ, ತೀರಾ ದೊಡ್ಡದಾದ್ರ ಬಾಗಲ ತೆಗೆದು ಹಾಕುವಾಗ ಗಾಳಿಗೆ ಹೊಡಕೋತೈತಿ.

ಬಟ್ಟಿ ವಿಷಯಕ್ಕ ಬಂದ್ರ ಬಳ್ಳಾರಿಯೊಳಗ ಜೀನ್ಸ್ ತುಂಡಿಗೆ ಬರ ಇಲ್ಲ. ಇಲ್ಲಿ ಎಷ್ಟೋ ಮನ್ಯಾಗ ಜೀನ್ಸ್ ಹೊಲಿಯೋ ಕೆಲಸ, ದಾರ ಕತ್ತರಿಸೋ ಕೆಲಸ ನಡೀತೈತಿ, ಕಟಿಂಗ್ ಆದ ಮ್ಯಾಲ ಉಳಿಯೋ ಚಿಂದಿ ಚೀಲಗಟ್ಟಲೆ ಇರ್ತೈತಿ, ಕೇಳಿದ್ರ ಕೊಡ್ತಾರ. ಆದ್ರ ಎಲ್ಲಾ ತುಂಡೂ ಬರಂಗಿಲ್ಲ ನೋಡ್ರಿ. ಪ್ಯಾಂಟಿಗೆ ಬಳಸೋ 10, 12 ಔನ್ಸಿನ ದಪ್ಪ ಡೆನಿಮ್ ಕೈ ಹೊಲಗಿಗೆ ಜಗ್ಗೋದಿಲ್ಲ, ಕೆಳಗ ಇನ್ನ ಮೂರು ಪದರ ಇದ್ರ ಬೆರಳು ಹೋಗ್ತಾವ. ಶರ್ಟ್, ಹೆಣ್ಣುಮಕ್ಕಳ ಟಾಪ್ ಹೊಲಿಯೋ ತೆಳು ಡೆನಿಮ್ ಅಂತ ಕೇಳಿ ಆರಿಸಿಕೊಂಡು ಬರ್ರಿ. ನಾನು ಕಡು ನೀಲಿ, ನಡುಮ ನೀಲಿ, ತೊಳೆದು ಬಿಳಚಿದ ನೀಲಿ ಮೂರೂ ತಂದು ಉದ್ದುದ್ದ ಪಟ್ಟಿ ಕತ್ತರಿಸಿ ಸೇರಿಸೀನಿ. ಕಾಲಿಂಚು ಒಳಗ ಬಿಟ್ಟು ಹೊಲಿಯೋದು, ಮಷಿನ್‌ಗೆ 16 ನಂಬರ್ ಸೂಜಿ. ಜೋಡಿಸಿದ ಮ್ಯಾಲ ಹೊಲಗಿ ಅಂಚನ್ನ ಒಂದೇ ಕಡೆ ಮಡಚಬ್ಯಾಡ್ರಿ, ಎರಡೂ ಕಡೆ ಬಿಡಿಸಿ ಇಸ್ತ್ರಿ ಹೊಡೀರಿ, ಇಲ್ಲಂದ್ರ ಅಲ್ಲಿ ಗೆರಿಗೆರಿಯಾಗಿ ದಪ್ಪ ಎದ್ದು ನಿಂತು ಮ್ಯಾಲ ಕೂಡಿಸೋ ಅಕ್ಷರಾನೂ ಉಬ್ಬತೈತಿ.

ದಡಿಗೆ ಇಳಕಲ್ ಸೀರಿದು. ನಮ್ಮತ್ತಿ ಉಟ್ಟು ಉಟ್ಟು ನಡುವ ಜಳ್ಳಾದ ಸೀರಿ, ಒಡಲು ಹೋಗಿತ್ತು ಆದ್ರ ದಡಿ ಮಾತ್ರ ಗಟ್ಟಿ. ಕುಷ್ಟಗಿ ಕಡೆ, ದೋಟಿಹಾಳ, ಹನುಮಸಾಗರದಾಗೂ ಇಳಕಲ್ ಸೀರಿ ನೇಯ್ತಾರ, ಅತ್ತಿ ತವರು ಆ ಕಡೇದು, ಹಂಗಾಗಿ ಈ ಸೀರಿ ಕತ್ತರಿಸೋಕ ಮೊದಲು ಅವರನ್ನ ಕೇಳಿದೆ. "ಕತ್ತರಸವ್ವ, ಪೆಟಗ್ಯಾಗ ಇಟ್ರ ನುಸಿ ತಿಂತಾವ, ಬಾಗಲದಾಗಿದ್ರ ನಾಕು ಮಂದಿ ನೋಡ್ತಾರ" ಅಂದ್ರು. ನಾಲ್ಕು ಮೂಲಿಗೆ ಗುಳೇದಗುಡ್ಡ ಖಣದ, ಅಂದ್ರ ಕುಪ್ಪಸದ ಬಟ್ಟಿಯ, ಚೌಕ ತುಂಡು. ಖಣ ಕತ್ತರಿಸಿದ ಕೂಡ್ಲೆ ಎಳಿ ಬಿಚ್ಕೊಂಡು ಹೋಗ್ತೈತಿ, ಕತ್ತರಿ ಹಾಕೋಕ ಮೊದಲೇ ಹಿಂದ ಒಂದು ತೆಳು ಪೇಸ್ಟಿಂಗ್ (ಬಿಸಿಗೆ ಅಂಟೋ ಆಸರಿ ಬಟ್ಟಿ) ಇಸ್ತ್ರಿಯಿಂದ ಅಂಟಿಸಿಕೊಳ್ರಿ, ಆಮ್ಯಾಲ ಒಂದೆಳಿನೂ ಬರಂಗಿಲ್ಲ.

ಬಣ್ಣ ಬಿಡೋದರ ಬಗ್ಗೆ ಒಂದು ಮಾತು. ಡೆನಿಮ್ ನೀಲಿ ಮತ್ತ ಖಣದ ಕೆಂಪು ಎರಡೂ ಬಣ್ಣ ಬಿಡೋ ಜಾತಿ. ಹೊಲಿಯೋಕ ಮೊದಲು ಎಲ್ಲಾ ಬಟ್ಟಿ ಬ್ಯಾರೆ ಬ್ಯಾರೆ ಬಕೀಟಿನ್ಯಾಗ ನೆನಸಿ ನೀರು ತಿಳಿ ಆಗೋತನ ಒಗೀಬೇಕು, ಇದರಿಂದ ಕುಗ್ಗೋದೂ ಮೊದಲೇ ಕುಗ್ಗಿ ಮುಗೀತೈತಿ. ಆಮ್ಯಾಲ ಹಸಿ ಇದ್ದಾಗಲೇ ಒಂದು ಬಿಳೆ ಬಟ್ಟಿ ಮ್ಯಾಲಿಟ್ಟು ಇಸ್ತ್ರಿ ಒತ್ತಿ ನೋಡ್ರಿ, ಬಿಳೇದಕ್ಕ ಬಣ್ಣ ಹತ್ತಿದ್ರ ಇನ್ನೊಂದು ಸಲ ಒಗೀರಿ. ಉಪ್ಪು ಹಾಕಿದ್ರ ಬಣ್ಣ ನಿಲ್ತೈತಿ ಅಂತಾರ, ನಾನು ಅದನ್ನ ನಂಬಂಗಿಲ್ಲ, ಹೆಚ್ಚಿನ ಬಣ್ಣ ನೀರಿನ್ಯಾಗ ಹೋಗಬೇಕು ಅಷ್ಟೇ.

ಈಗ ಅಕ್ಷರ. ಬಟ್ಟಿ ಮ್ಯಾಲ ಅಕ್ಷರ ಅಂದ್ರ ಎಲ್ಲಾರೂ ಅಕ್ಷರದ ಆಕಾರಾನೇ ಕತ್ತರಿಸಿ ಅಂಟಿಸ್ತಾರ. ಇಂಗ್ಲಿಷಿನ ಇ, ಎಲ್, ಟಿ ಇದಕ್ಕೆಲ್ಲಾ ಅದು ನಡೀತೈತಿ, ನೆಟ್ಟನ ಗೆರಿ ಇರ್ತಾವ. ನಮ್ಮ ಅಕ್ಷರದಾಗ ನೆಟ್ಟಗ ಇರೋದು ಏನೈತ್ರಿ? ಎಲ್ಲಾ ಗುಂಡು, ಎಲ್ಲಾ ಸುತ್ತು. ಕತ್ತರಿಸಿದ್ರ ಪ್ರತಿ ತಿರುವಿನ್ಯಾಗೂ ಅಂಚು ಬಿಚ್ಚತೈತಿ, ಒಳಗಿನ ಸಣ್ಣ ಸಂದಿಗೆ ಕತ್ತರಿ ಮೂತಿನೇ ಹೋಗಂಗಿಲ್ಲ. ಅದಕ್ಕ ಕತ್ತರಿಸಬ್ಯಾಡ್ರಿ, ಪಟ್ಟಿಯಿಂದ ಬರೀರಿ. ಬ್ಲೌಸಿನ ಕೊಳ್ಳಿಗೆ ಇಡ್ತೀವಲ್ಲ ಕ್ರಾಸ್ ಪಟ್ಟಿ, ಅದೇ. ಬಟ್ಟಿನ ಓರಿ, ಅಂದ್ರ 45 ಡಿಗ್ರಿಗೆ ಕತ್ತರಿಸಿದ ಪಟ್ಟಿ ಜಗ್ಗಿದ್ರ ಜಗ್ಗತೈತಿ, ಬಾಗಿಸಿದ್ರ ಬಾಗತೈತಿ, ನೆರಿಗಿ ಬೀಳಂಗಿಲ್ಲ. ನಾವು ಪೆನ್ನು ಎತ್ತದಂಗ ಅಕ್ಷರ ಬರೀತೀವಲ್ಲ ಅದೇ ದಾರ್ಯಾಗ ಪಟ್ಟಿನೂ ಹೋಗ್ತೈತಿ. ಇದು ತಿಳಿದ ಮ್ಯಾಲ ನನಗ ಕನ್ನಡ ಅಕ್ಷರ ಬಟ್ಟಿಗೇ ಹುಟ್ಟಿದಂಗ ಅನಿಸೇತಿ, ಖರೇನೇ ಹೇಳ್ತೀನಿ.

ಬಟ್ಟಿ ಯಾವುದು ಅಂದ್ರ ಟೂ ಬೈ ಟೂ ರೂಬಿಯಾ, ಬ್ಲೌಸ್ ಬಟ್ಟಿ, ಅರಿಶಿಣ ಬಣ್ಣದ್ದು, ನೀಲಿ ಮ್ಯಾಲ ದೂರದಿಂದಾನೂ ಎದ್ದು ಕಾಣ್ತೈತಿ. ಅರ್ಧ ಮೀಟರ್ ತಂದ್ರ ಅಕ್ಷರಕ್ಕೂ ಆಗ್ತೈತಿ, ಸುತ್ತಿನ ಅಂಚಿಗೂ ಆಗ್ತೈತಿ. 1 ಇಂಚು ಅಗಲದ ಓರಿ ಪಟ್ಟಿ ಕತ್ತರಿಸಿ ಎರಡೂ ಅಂಚು ನಡುವಿಗೆ ಮಡಚಿ ಇಸ್ತ್ರಿ ಹಾಕಿದ್ರ ಅರ್ಧ ಇಂಚಿನ ಪಟ್ಟಿ ಸಿಗ್ತೈತಿ. ರಿ ತಲಿ ಮ್ಯಾಲಿನ ಗುಡಿಸು ಮತ್ತ ಅರ್ಕಾವೊತ್ತು ಸಣ್ಣ ತಿರುವು, ಅದಕ್ಕ ಮುಕ್ಕಾಲು ಇಂಚಿಂದು ಕತ್ತರಿಸಿದ್ರ ಸಲೀಸು.

ಮೊದಲು ಪೇಪರ್ ಮ್ಯಾಲ ಅಕ್ಷರ ಬರ್ಕೊಳ್ರಿ, ಬ ನಾಲ್ಕೂವರೆ ಇಂಚು ಅಗಲ, ರಿ ಅಷ್ಟೇ, ಅರ್ಕಾವೊತ್ತು 2 ಇಂಚು, ನಡುವ ಅರ್ಧರ್ಧ ಇಂಚು ಬಿಟ್ರ 12 ಇಂಚಿನ್ಯಾಗ ಮುಗೀತು, ಎರಡೂ ಕಡೆ ಒಂದೊಂದು ಇಂಚು ಉಳೀತು. ಡೆನಿಮ್ ಮ್ಯಾಲ ಗುರುತು ಹಾಕೋಕ ಸವೆದ ಮೈಸೋಪಿನ ತೆಳು ಬಿಲ್ಲಿ ಇರ್ತೈತಲ್ಲ ಅದು ಟೈಲರ್ ಚಾಕಿಗಿಂತ ಚೊಲೋ, ಗೆರಿ ಸಣ್ಣಗ ಬೀಳ್ತೈತಿ, ಒಗೆದ್ರ ಹೋಗ್ತೈತಿ. ಪಟ್ಟಿ ನಡುಗೆರಿ ಈ ಗುರುತಿನ ಮ್ಯಾಲ ಬರಬೇಕು. ಗುಂಡುಸೂಜಿ ಹತ್ರ ಹತ್ರ ಚುಚ್ಚಿ, ಹೆಮ್ಮಿಂಗ್ ಹೊಲಗಿಯಿಂದ ಕೂಡಿಸಬೇಕು. ಇಲ್ಲಿ ಒಂದು ಮಾತು ಮರೀಬ್ಯಾಡ್ರಿ: ತಿರುವಿನ್ಯಾಗ ಒಳಗಿನ ಅಂಚು ಮೊದಲು ಹೊಲಿಯೋದು, ಹೊರಗಿಂದು ಆಮ್ಯಾಲ. ಒಳಗಿನ ಸುತ್ತು ಗಿಡ್ಡ, ಹೊರಗಿಂದು ಉದ್ದ, ಓರಿ ಪಟ್ಟಿ ಜಗ್ಗಿ ಉದ್ದ ಆಗ್ತೈತಿ ಹೊರತು ಕುಗ್ಗಿ ಗಿಡ್ಡ ಆಗಂಗಿಲ್ಲ. ಹೊರಗಿಂದು ಮೊದಲು ಹೊಲಿದ್ರ ಒಳಗ ಉಳಿದ ಬಟ್ಟಿ ಎಲ್ಲಾ ಸುಕ್ಕಾಗಿ ನಿಲ್ತೈತಿ, ಏನು ಇಸ್ತ್ರಿ ಹೊಡೆದ್ರೂ ಹೋಗಂಗಿಲ್ಲ.

ಬ ತಳದಾಗ ನಡುವ ಒಳಕ್ಕ ಹೋಗೋ ಮೂಲಿ ಐತಲ್ಲ, ಅಲ್ಲಿ ಪಟ್ಟಿ ಬಾಗಂಗಿಲ್ಲ, ಮಡಚಬೇಕು. ಆ ಮೂಲಿತನ ಹೊಲಿದು ಸೂಜಿ ಅಲ್ಲೇ ನಿಲ್ಲಿಸಿ, ಪಟ್ಟಿನ ಲಕೋಟಿ ಮೂಲಿ ಮಡಚಿದಂಗ ಓರೆಯಾಗಿ ಮಡಚಿ, ಮಡಿಕಿ ಮ್ಯಾಲ ಎರಡು ಟಾಕಿ ಹಾಕಿ ಮುಂದ ಹೋಗ್ರಿ. ಪಟ್ಟಿ ತುದಿಗಳು ಹೊರಗ ಕಾಣಬಾರದು, ಗುಡಿಸು ಶುರುವಾಗೋ ತುದಿ ರ ದ ಪಟ್ಟಿ ಕೆಳಗ ತುರುಕಿದ್ರ ಮುಚ್ಚಿಹೋಗ್ತೈತಿ. ಹಂಗಾಗಿ ಗುಡಿಸು ಮೊದಲು ಕೂಡಿಸಿ ಆಮ್ಯಾಲ ಕೆಳಗಿನ ಗುಂಡು ಕೂಡಿಸ್ರಿ, ಬರಿಯೋದಕ್ಕ ಉಲ್ಟಾ.

ಮ್ಯಾಲಿನ ಪದರ ತಯಾರಾದ ಮ್ಯಾಲ ಕೆಳಗ ಎರಡು ಪದರ ಹಳೆ ಧೋತ್ರ, ಅದರ ಕೆಳಗ ಕೋರಾ ಬಟ್ಟಿ. ಅಂಗಡ್ಯಾಗ ಸಿಗೋ ಫೈಬರ್ ಹತ್ತಿ ಹಾಕಬ್ಯಾಡ್ರಿ ಅಂತ ನನ್ನ ಮಾತು, ಅದು ಉಬ್ಬಿ ಉಬ್ಬಿ ದಿಂಬಾಗ್ತೈತಿ, ನೇತು ಹಾಕಿದಾಗ ನೆಟ್ಟಗ ಇಳಿಯಂಗಿಲ್ಲ. ಕೌದ್ಯಾಗ ಹಳೆ ಬಟ್ಟಿನೇ ಯಾಕ ಇಡ್ತಾರಂದ್ರ ಒಗೆದು ಒಗೆದು ಮೆತ್ತಗಾಗಿರ್ತೈತಿ, ಸೂಜಿ ಸರಾಗ ಇಳೀತೈತಿ. ನಾಲ್ಕೂ ಪದರ ಹಾಸಿ, ನಡುವಿಂದ ಹೊರಗ ಕೈಯಿಂದ ಸವರಿಕೋತ ದೊಡ್ಡ ದೊಡ್ಡ ಕಚ್ಚಾ ಟಾಕಿ ಹಾಕಿಕೊಳ್ರಿ.

ಆಮ್ಯಾಲ ಕೌದಿ ಹೊಲಗಿ. ನಾನು ಹೆಚ್ಚು ಹೊತ್ತು ಕುಂತಿದ್ದು ಇದಕ್ಕೇ, ಮತ್ತ ನನಗ ಎಲ್ಲಕ್ಕಿಂತ ಸಮಾಧಾನ ಕೊಟ್ಟಿದ್ದೂ ಇದೇ. ಅಕ್ಷರದ ಹೊರ ಅಂಚಿನಿಂದ ಕಾಲಿಂಚು ದೂರ ಒಂದು ಸುತ್ತು, ಅದರಿಂದ ಅರ್ಧ ಇಂಚು ದೂರ ಇನ್ನೊಂದು ಸುತ್ತು, ಹಿಂಗ ಸುತ್ತಿನ ಮ್ಯಾಲ ಸುತ್ತು ದಡಿತನ ಹೋಗೋದು. ದಾರ ಕಸೂತಿ ಹಾಕೋ ಅ್ಯಂಕರ್ ದಾರ, ಆರೆಳಿ ಒಳಗ ಮೂರೆಳಿ ಬಿಡಿಸಿಕೊಂಡು, ಬಿಳೇದು. ನಮ್ಮ ಓಣ್ಯಾಗ ಒಬ್ಬ ದೊಡ್ಡವ್ವ ಅದಾರ, ಜೀವನಾ ಎಲ್ಲಾ ಕೌದಿ ಹೊಲದವರು, ಕಟ್ಟಿಮ್ಯಾಲ ನಾನು ಹೊಲಿಯೋದು ನೋಡಿ ಬಾಜೂ ಕುಂತ್ರು. "ಓರಿ ಚುಚ್ಚಬ್ಯಾಡ ತಂಗಿ, ಸೂಜಿ ನೆಟ್ಟಗ ಇಳಿಲಿ, ಹಿಂದ ತಿರುವಿ ನೋಡು, ಹಿಂದಿನ ಟಾಕಿ ಮುಂದಿನಷ್ಟೇ ಇರಬೇಕು" ಅಂದ್ರು. "ದೊಡ್ಡವ್ವ, ಹಿಂದ ಯಾರು ನೋಡ್ತಾರ, ಬಾಗಲಕ್ಕ ಹತ್ತಿರ್ತೈತಲ್ಲ" ಅಂದ್ರ, "ಹಿಂದಿನ ಟಾಕಿ ಸಣ್ಣದಾದ್ರ ದಾರ ಅಲ್ಲೇ ಮೊದಲು ಹರೀತೈತವ್ವ" ಅಂತ. ಅದು ಖರೇ ಐತಿ, ಸಣ್ಣ ಟಾಕಿ ಒಂದೆರಡು ಎಳಿ ಮ್ಯಾಲ ಅಷ್ಟೇ ಹಿಡ್ಕೊಂಡಿರ್ತೈತಿ, ಜಗ್ಗಿದ್ರ ಅಲ್ಲೇ ಬಿಡ್ತೈತಿ. ಬೆರಳಿಗೆ ಲೋಹದ ಟೋಪಿ ಹಾಕ್ಕೊಳ್ರಿ, ಡೆನಿಮ್ ಕೂಡ ಅದಿಲ್ಲದ ಕೆಲಸ ಇಲ್ಲ. ಇಸ್ತ್ರಿ ಮಾತ್ರ ಈಗ ಹಾಕಬ್ಯಾಡ್ರಿ, ಟಾಕಿ ನಡುವ ಬರೋ ಆ ಸಣ್ಣ ಸಣ್ಣ ಸುಕ್ಕೇ ಕೌದಿ ಲಕ್ಷಣ.

ಕೆಳಗಿನ ಅಂಚಿಗೆ ತೋರಣದ ಹಂಗ ಖಣದ ಮೂಲಿಗಳು. 3 ಇಂಚಿನ ಚೌಕ ತುಂಡು, ಇದಕ್ಕ ಪೇಸ್ಟಿಂಗ್ ಬ್ಯಾಡ, ಮೂಲಿಗೆ ಮೂಲಿ ಎರಡು ಸಲ ಮಡಚಿದ್ರ ತ್ರಿಕೋನ ಆಗ್ತೈತಿ. ಒಂದರ ಬಾಯಾಗ ಇನ್ನೊಂದು ಚೂರು ತುರುಕಿ ಸಾಲಾಗಿ ಇಟ್ಟು ಅಂಚಿನ ಜೊತಿ ಹೊಲಿಯೋದು. ಉಳಿದ ಮೂರು ಕಡೆ ಅದೇ ಅರಿಶಿಣ ಕ್ರಾಸ್ ಪಟ್ಟಿಯಿಂದ ಪೈಪಿನ್.

ಕನ್ನಡಿ ಹಚ್ಚೋ ಆಸೆ ಇತ್ತು, ನಾಲ್ಕು ಮೂಲಿಗೆ ನಾಲ್ಕು ಮಾತ್ರ ಹಚ್ಚೀನಿ. ನಮ್ಮ ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಅಂದ್ರ ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕ ಕಲೆ, 2023ರ ಜುಲೈದಾಗ ಹಂಪ್ಯಾಗ ಜಿ20 ಸಭೆ ಆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಸೇರಿ ಮಾಡಿದ 1755 ತುಣುಕು ಪ್ರದರ್ಶನಕ್ಕಿಟ್ಟು ಗಿನ್ನಿಸ್ ದಾಖಲೆ ಆತು. ಅವರ ಕೈ ಚಳಕ ಬ್ಯಾರೆ, ನಾಲ್ಕು ಕನ್ನಡಿ ಹಚ್ಚಿ ಲಂಬಾಣಿ ಕಸೂತಿ ಅಂತ ಹೇಳಿಕೊಳ್ಳೋದು ತಪ್ಪು, ಅಂಥದ್ದು ಬೇಕಾದ್ರ ಅವರ ಕಡೆಯಿಂದಾನೇ ಕೊಂಡು ತರ್ರಿ. ನಾನು ಹಚ್ಚಿದ್ದು ಸಾದಾ ರೀತಿ, ಕನ್ನಡಿ ಮ್ಯಾಲ ಅಡ್ಡ ಎರಡು, ಉದ್ದ ಎರಡು ದಾರ ಬಿಗಿಯಾಗಿ ಹಾಯಿಸಿ, ಆ ದಾರ ಹಿಡ್ಕೊಂಡು ಸುತ್ತ ಕಾಜಾ ಹೊಲಗಿ. ಬಾಗಲಕ್ಕ ಬಡೀತೈತಲ್ಲ, ಅದಕ್ಕ ಗಾಜಿಂದು ಬ್ಯಾಡ, ಪ್ಲಾಸ್ಟಿಕಿಂದು ತರ್ರಿ.

ನೇತು ಹಾಕೋಕ ಹಿಂದ ಮ್ಯಾಲಿನ ಅಂಚಿಗೆ ಎರಡು ಇಂಚಿನ ಕೊಳವಿ ಹಂಗ ಕೋರಾ ಬಟ್ಟಿ ಹೊಲಿದು ಒಳಗ ತೆಳು ಕಟ್ಟಿಗಿ ಕೋಲು ಹಾಕೀನಿ, ಎರಡೂ ತುದಿಗೆ ದಾರ ಕಟ್ಟಿ ಬಾಗಲದ ಮೊಳಿಗೆ. ಕೋಲು ಇಲ್ಲದಂಗ ಬರೀ ದಾರ ಕಟ್ಟಿದ್ರ ನಡುವ ಜೋತು ಬಿದ್ದು ಅಕ್ಷರ ಬಾಗತಾವ. ಚೌಕಟ್ಟಿಗೆ ಕಟ್ಟಬ್ಯಾಡ್ರಿ, ಯುಗಾದಿಗೆ ಮಾವಿನ ತೋರಣ, ಬೇವು ಕಟ್ತೀವಿ, ಹಸಿ ತಪ್ಪಲದ ನೀರು ಇಳಿದು ಬಟ್ಟಿ ಕಲೆ ಆಗ್ತೈತಿ, ಬಾಗಲದ ಹಲಗಿ ಮ್ಯಾಲೇ ಇರ್ಲಿ. ದೀಪಾವಳಿಯಾಗ ಹೊಸ್ತಿಲದ ಮ್ಯಾಲ ಪಣತಿ ಇಡೋ ದಿನ ತೆಗೆದು ಒಳಗ ಇಡ್ರಿ, ಹತ್ತಿ ಬಟ್ಟಿ, ಗಾಳಿಗೆ ಹಾರಿದ್ರ ಬೆಂಕಿ ಹತ್ತಾಕ ಹೊತ್ತು ಬೇಕಾಗಂಗಿಲ್ಲ.

ಒಗಿಯೋದು ತಣ್ಣೀರಿನ್ಯಾಗ, ಅಂಟವಾಳಕಾಯಿ ನೆನಸಿದ ನೀರು ಸಾಕು, ಹಿಂಡದಂಗ ಟವೆಲಿನ್ಯಾಗ ಸುತ್ತಿ ಒತ್ತಿ, ನೆರಳಾಗ ಉಲ್ಟಾ ಹಾಕಿ ಒಣಗಸ್ರಿ. ಪಡುವಲ ಬಾಗಲ ಇದ್ದವರು ನೀಲಿ ಬೇಗ ಬಿಳಚತೈತಿ ಅಂತ ತಿಳ್ಕೊಂಡೇ ಕಡು ಬಣ್ಣದ ಡೆನಿಮ್ ಆರಿಸಿಕೊಳ್ರಿ.

ರಾಯಚೂರಿನ್ಯಾಗಿರೋ ನನ್ನ ತಂಗಿ ತನಗೂ ಒಂದು ಬೇಕು ಅಂದಾಳ, "ಅಕ್ಕಾ, ನಮ್ಮದು ಬಾಡಗಿ ಮನಿ, ಬಾಗಲ ಇಕ್ಕಟ್ಟು, 14 ಇಂಚಿನ್ಯಾಗ ಬರ್ತೈತೇನು" ಅಂತ ಕೇಳಿದ್ಳು. ಬರ್ತೈತಿ, ಆದ್ರ ದಡಿ 2 ಇಂಚಿಂದು ಒಂದಕ್ಕ ಇಳಿಸಿ, ಅಕ್ಷರ ಮೂರೂವರೆ ಇಂಚಿಗಿಂತ ಕೆಳಗ ಇಳಿಸಬಾರದು, ಪಟ್ಟಿ ಎಲ್ಲಾ ಮುಕ್ಕಾಲು ಇಂಚಿಂದೇ ಕತ್ತರಿಸಬೇಕು. ಅದಕ್ಕಿಂತ ಸಣ್ಣ ಅಕ್ಷರಕ್ಕ ಪಟ್ಟಿ ಬಾಗಂಗಿಲ್ಲ, ಆಗ ದಾರದಿಂದ ಸರಪಳಿ ಹೊಲಗಿ ಹಾಕಿ ಬರೆಯೋದೇ ಚೊಲೋ.