ಇಂಗ್ಲೆಂಡಿನಲ್ಲಿ ಕುಡಿತ ಬಿಡಿಸಲು ರೊಕ್ಕ ಕಟ್ಟುವ ಮುಂಚೆ

ಇಳಕಲ್ಲು, ಹುನಗುಂದ, ಬಾಗಲಕೋಟೆ ಕಡೆಯಿಂದ ಇಂಗ್ಲೆಂಡಿಗೆ ಬಂದ ಮೂರು ಮನೆಯವರು ಈ ವರ್ಷ ನನಗೆ ಫೋನ್ ಮಾಡಿದರು. ಮೂವರದ್ದೂ ಒಂದೇ ಮಾತು: "ಅಣ್ಣಾರ, ಕುಡಿತ ಬಿಡಿಸೋ ಆಸ್ಪತ್ರಿಗೆ ಅಡ್ವಾನ್ಸ್ ಕಟ್ಟೇವ್ರಿ." ನಾಲ್ಕು ವರ್ಷದ ಹಿಂದೆ ನಾನೂ ಹೀಗೇ ಕಟ್ಟಿದ್ದೆ.

ನನ್ನ ಕಾಕಾನ ಮಗನ ಕೈ ಮುಂಜಾನೆ ಚಹಾದ ಕಪ್ಪು ಹಿಡಿಯಲಾರದಷ್ಟು ನಡುಗುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಇಂಟರ್ನೆಟ್ಟಿನಲ್ಲಿ ಹುಡುಕಿದಾಗ ಮೊದಲು ಸಿಕ್ಕಿದ್ದು ಒಂದು "ಉಚಿತ ಸಹಾಯವಾಣಿ". ಆ ಕಡೆಯ ಹೆಣ್ಣುಮಗಳು ಅರ್ಧ ತಾಸು ಮೆತ್ತಗೆ ಮಾತಾಡಿದಳು, ಅವನ ಅವ್ವನ ಬಗ್ಗೆಯೂ ವಿಚಾರಿಸಿದಳು. ಕೊನೆಗೆ, ನಾಳೆಗೆ ಒಂದೇ ಹಾಸಿಗೆ ಖಾಲಿ ಇದೆ, ಈಗಲೇ ಕಟ್ಟಿದರೆ ಸಿಗುತ್ತದೆ ಎಂದಳು. 28 ದಿನಕ್ಕೆ 6,000 ಪೌಂಡಿನ ಮೇಲೆ. ಕಾರ್ಡಿನ ನಂಬರ್ ಹೇಳಿಬಿಟ್ಟೆ. ಹುಡುಗ ಒಂಬತ್ತನೇ ದಿನ ಎದ್ದು ಬಂದ. ಒಂದು ಪೆನ್ನಿಯೂ ವಾಪಸ್ ಬರಲಿಲ್ಲ. ಕರಾರಿನಲ್ಲಿ ಹಾಗೇ ಬರೆದಿತ್ತು, ನಾನು ಓದಿರಲಿಲ್ಲ.

ಇಂಥ ಎಷ್ಟೋ ಸಹಾಯವಾಣಿಗಳು ದಲ್ಲಾಳಿ ಅಂಗಡಿಗಳು. ರೋಗಿಯನ್ನು ಖಾಸಗಿ ಕೇಂದ್ರಕ್ಕೆ ಕಳಿಸಿದ್ದಕ್ಕೆ ಅವರಿಗೆ ಕಮಿಷನ್. ನಮ್ಮ ಎಪಿಎಂಸಿಯಲ್ಲಿ ದಲಾಲ ಯಾರೆಂದು ರೈತನಿಗೆ ಗೊತ್ತಿರುತ್ತದೆ. ಇಲ್ಲಿ ಅವನು ವೈದ್ಯನ ದನಿಯಲ್ಲಿ ಮಾತಾಡುತ್ತಾನೆ. "ನನ್ನನ್ನು ಕಳಿಸಿದರೆ ನಿಮಗೆ ರೊಕ್ಕ ಬರುತ್ತದೆಯೇ?" ಎಂದು ಮೊದಲೇ ಕೇಳಿ. ಕೇಳದೆ ಹೆಸರನ್ನೂ ಹೇಳಬೇಡಿ. ಖಾಸಗಿ ಕೇಂದ್ರವೇ ಬೇಕೆಂದರೆ ಇಲ್ಲಿನ ಆಸ್ಪತ್ರೆಗಳನ್ನು ತಪಾಸಿಸುವ ಸರ್ಕಾರಿ ಸಂಸ್ಥೆ ಕೇರ್ ಕ್ವಾಲಿಟಿ ಕಮಿಷನ್ನಿನ ವರದಿ ಓದಿ, ಅರ್ಧಕ್ಕೆ ಬಿಟ್ಟರೆ ಎಷ್ಟು ಹಣ ಮರಳುತ್ತದೆಂದು ಬರೆಸಿಕೊಳ್ಳಿ.

ಉಚಿತ ಚಿಕಿತ್ಸೆ ನಮ್ಮ ಮನೆಯಿಂದ ಹದಿನೈದು ನಿಮಿಷದ ನಡಿಗೆಯಲ್ಲಿತ್ತು. ಇಂಗ್ಲೆಂಡಿನಲ್ಲಿ 2013ರಿಂದ ವ್ಯಸನ ಚಿಕಿತ್ಸೆಯ ಹೊಣೆ ಸ್ಥಳೀಯ ಕೌನ್ಸಿಲ್‌ಗಳದ್ದು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದ ಕೇಂದ್ರ ಸಿಗುತ್ತದೆ. ಸಾಮಾನ್ಯವಾಗಿ ಜಿಪಿ, ಅಂದರೆ ನಿಮ್ಮ ಮಾಮೂಲಿ ಡಾಕ್ಟರರ, ಪತ್ರವೂ ಬೇಕಿಲ್ಲ, ನೀವೇ ಫೋನ್ ಮಾಡಬಹುದು. ಇಂಗ್ಲಿಷ್ ಬಾರದಿದ್ದರೆ ದುಭಾಷಿಯನ್ನು ಕೇಳಿ. ಮಕ್ಕಳಿಗೋ ಯಾರ ಜೀವಕ್ಕೋ ಅಪಾಯವಿದ್ದರೆ ಬೇರೆ ಮಾತು. ಇಲ್ಲವಾದರೆ ನಿಮ್ಮ ಒಪ್ಪಿಗೆಯಿಲ್ಲದೆ ಕೇಂದ್ರದವರು ನೀವು ಕೆಲಸ ಮಾಡುವ ಕಂಪನಿಗೆ ಹೇಳುವುದಿಲ್ಲ. ಕಾರು ಓಡಿಸುವವರು ಮಾತ್ರ ಮದ್ಯದ ಅವಲಂಬನೆಯನ್ನು ಲೈಸೆನ್ಸ್ ಕೊಡುವ ಡಿವಿಎಲ್‌ಎ ಇಲಾಖೆಗೆ ತಿಳಿಸಲೇಬೇಕು, ಅದು ಕಾನೂನು.

ಇನ್ನೊಂದು ತಪ್ಪಿನಲ್ಲಿ ಜೀವವೇ ಹೋಗಬಹುದಿತ್ತು. ಊರಿನಿಂದ ಕಾಕು ಫೋನಿನಲ್ಲಿ ಅತ್ತು, ಆಣೆ ಹಾಕಿಸಿಕೊಂಡಳು. ಹುಡುಗ ಅವತ್ತೇ ಪೂರ್ತಿ ಬಿಟ್ಟ. ಎರಡನೇ ದಿನ ಫಿಟ್ಸ್ ಬಂತು, ತುರ್ತು ಸಹಾಯದ ನಂಬರ್ 999ಕ್ಕೆ ಕರೆ ಮಾಡಿದೆವು. ದಿನಾ ವಿಪರೀತ ಕುಡಿಯುವವರು ಏಕಾಏಕಿ ನಿಲ್ಲಿಸಬಾರದು. ಕೇಂದ್ರದವರು ಕ್ಲೋರ್‌ಡಯಾಜಿಪಾಕ್ಸೈಡ್‌ನಂಥ ಔಷಧಿ ಕೊಟ್ಟು, ನಿಗಾ ಇಟ್ಟು ಬಿಡಿಸುತ್ತಾರೆ. ಮತ್ತೆ ಕುಡಿಯದಂತೆ ಅಕ್ಯಾಂಪ್ರೊಸೇಟ್ ಅಥವಾ ನಾಲ್ಟ್ರೆಕ್ಸೋನ್ ಕೊಡುವುದುಂಟು. ಈ ವಿಷಯದಲ್ಲಿ ನಮ್ಮ ಆಣೆ-ಪ್ರಮಾಣಕ್ಕಿಂತ ಇವರ ಪದ್ಧತಿಯೇ ಮೇಲು.

ಆದರೆ ಇಲ್ಲಿ ನಿಮ್ಮ ಬಾಗಿಲಿಗೆ ಯಾರೂ ಬರುವುದಿಲ್ಲ. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಜನ್ಮದಿನ ಆಗಸ್ಟ್ 1 ನಮ್ಮಲ್ಲಿ ವ್ಯಸನಮುಕ್ತ ದಿನ. ಇಲ್ಲಿ ಎರಡು ಮೂರು ಭೇಟಿ ತಪ್ಪಿಸಿದರೆ ಫೈಲ್ ಮುಚ್ಚಿಬಿಡಬಹುದು. ಕುಡಿತಕ್ಕೆ ಬಿದ್ದವನು ಭೇಟಿ ತಪ್ಪಿಸದೇ ಇರುತ್ತಾನೆಯೇ? ಆದ್ದರಿಂದ ಮನೆಯವರೊಬ್ಬರು ಜೊತೆಗೆ ಹೋಗಿ. ನಾನು ಆರು ಗುರುವಾರ ರಜೆ ಹಾಕಿ ಆ ಉಚಿತ ಕೇಂದ್ರದಲ್ಲಿ ಕಾಕಾನ ಮಗನ ಪಕ್ಕದಲ್ಲಿ ಕುಳಿತೆ. ಏಳನೆಯ ವಾರ ಅವನೊಬ್ಬನೇ ಹೋಗಿಬಂದ.